ಯಂತ್ರವಿಲ್ಲದೆ ಎಳನೀರು ಐಸ್‌ಕ್ರೀಂ

ಬೇಸಿಗೆಯಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ ನೋಡಿ ಬಂದವರು ಮೊದಲು ಹುಡುಕುವುದು ಎಳನೀರನ್ನು. ನೀರು ಕುಡಿದವರಲ್ಲಿ ಎಷ್ಟೋ ಮಂದಿ ಬುರುಡೆ ಒಡೆಸಿ ಗಂಜಿ ತಿನ್ನುವ ಗೋಜಿಗೆ ಹೋಗುವುದಿಲ್ಲ. ಆ ಗಂಜಿಯಿಂದಲೇ ಮನೆಯಲ್ಲಿ ಐಸ್‌ಕ್ರೀಂ ಮಾಡಬಹುದು. ಪಕ್ಕದ ಅರಸೀಕೆರೆ ತೆಂಗಿನ ಸೀಮೆ, ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರು. ಹಾಸನ ಹಾಲು ಒಕ್ಕೂಟಕ್ಕೆ ಹಾಲು ಹಾಕುವ ಡೈರಿಗಳು ಸುತ್ತಲ ಹಳ್ಳಿಗಳಲ್ಲಿವೆ. ಹಾಲು, ತೆಂಗು ಎರಡೂ ಕೈಗೆಟುಕುವ ಇಂಥ ಕಡೆ ಯಂತ್ರ ಇಲ್ಲವೆಂಬುದು ದೊಡ್ಡ ಕೊರತೆಯಲ್ಲ.

ಎಳನೀರು ಐಸ್‌ಕ್ರೀಮಿನ ರುಚಿಯನ್ನು ಊರೂರಿಗೆ ಹತ್ತಿಸಿದವರು ಮೂಲ್ಕಿ ಕಡೆಯ ರಘುನಂದನ ಕಾಮತ್. ಹಣ್ಣು ಮಾರುತ್ತಿದ್ದವರ ಮಗ. 1984ರಲ್ಲಿ ಮುಂಬೈನ ಜುಹುವಿನಲ್ಲಿ ನ್ಯಾಚುರಲ್ಸ್ ಅಂಗಡಿ ತೆರೆದರು, 2024ರಲ್ಲಿ ತೀರಿಕೊಂಡರು. ಹಣ್ಣಿನ ರುಚಿ ಹಣ್ಣಿನಿಂದಲೇ ಬರಬೇಕು ಎಂಬ ಅವರ ಹಟ ಮನೆಯಲ್ಲಿ ಮಾಡುವವರಿಗೂ ಒಳ್ಳೆಯ ದಾರಿ.

ಐಸ್‌ಕ್ರೀಂ ಯಂತ್ರ ಮಾಡುವ ಕೆಲಸ ಎರಡೇ: ಬೇಗ ತಣ್ಣಗಾಗಿಸುವುದು, ತಣ್ಣಗಾಗುತ್ತಿರುವಾಗ ಕದಡುತ್ತಿರುವುದು. ಹಾಲಿನಲ್ಲಿರುವ ನೀರು ನಿಧಾನವಾಗಿ, ಅಲುಗಾಡದೆ ಹೆಪ್ಪುಗಟ್ಟಿದರೆ ಹರಳುಗಳು ದೊಡ್ಡದಾಗಿ ಬೆಳೆದು ನಾಲಿಗೆಗೆ ಮರಳು ಮರಳಾಗಿ ತಗಲುತ್ತವೆ. ಬೇಗ ಹೆಪ್ಪುಗಟ್ಟಿ, ನಡುವೆ ಕದಡಿಸಿಕೊಂಡರೆ ಹರಳು ಸಣ್ಣದಾಗೇ ಉಳಿಯುತ್ತದೆ. ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿಗಿಂತ ಚಿಕ್ಕ ಹರಳು ಬಾಯಿಗೆ ಗೊತ್ತಾಗುವುದೇ ಕಷ್ಟ. ಕದಡುವಾಗ ಸೇರುವ ಗಾಳಿಯಿಂದ ಐಸ್‌ಕ್ರೀಂ ಹಗುರಾಗುತ್ತದೆ.

ಬೇಗ ತಣ್ಣಗಾಗಿಸುವ ಕೆಲಸ ಉಪ್ಪಿನದು. ಬರೀ ಐಸ್ ಕರಗುವುದು 0 ಡಿಗ್ರಿಯಲ್ಲಿ. ಸಕ್ಕರೆ ಹಾಕಿದ ಹಾಲು ಗಟ್ಟಿಯಾಗಲು ಶುರುವಾಗುವುದು ಸುಮಾರು ಮೈನಸ್ 2ರಿಂದ 3 ಡಿಗ್ರಿಯಲ್ಲಿ. ಹಾಗಾಗಿ ಐಸಿನ ಮೇಲೆ ಎಷ್ಟು ಹೊತ್ತು ಇಟ್ಟರೂ ಅದು ಐಸ್‌ಕ್ರೀಂ ಆಗದು. ಐಸಿಗೆ ಉಪ್ಪು ಬಿದ್ದರೆ 0 ಡಿಗ್ರಿಗಿಂತ ಕೆಳಗೂ ಕರಗುತ್ತದೆ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅದನ್ನು ಸುತ್ತಲಿನಿಂದಲೇ, ಅಂದರೆ ನಮ್ಮ ಹಾಲಿನ ಡಬ್ಬದಿಂದಲೂ, ಎಳೆದುಕೊಳ್ಳುತ್ತದೆ. ಉಪ್ಪು ನೂರಕ್ಕೆ 23ರಷ್ಟಿದ್ದರೆ ಉಪ್ಪುನೀರು ಮೈನಸ್ 21 ಡಿಗ್ರಿವರೆಗೂ ಇಳಿಯಬಲ್ಲದು. ಮನೆಯ ಬಕೆಟ್ಟಿನಲ್ಲಿ ಅಷ್ಟು ಇಳಿಯದು. ಮೈನಸ್ 10 ಆದರೂ ನಮಗೆ ಧಾರಾಳ.

ಈ ತಿಳಿವು ಹೊಸದಲ್ಲ. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಕುಡಿಯುವ ನೀರಿನ ಪಾತ್ರೆ ಆಡಿಸಿ ತಣ್ಣಗೆ ಮಾಡುತ್ತಿದ್ದರೆಂದು ಐನ್-ಎ-ಅಕ್ಬರಿ ಹೇಳುತ್ತದೆ. ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದ ಕೈಹಿಡಿ ಯಂತ್ರದಲ್ಲೂ ಇದ್ದದ್ದು ಐಸ್, ಉಪ್ಪು, ಒಂದು ಡಬ್ಬ, ತಿರುಗಿಸಲು ಹಿಡಿ ಅಷ್ಟೇ.

ಈಗ ಅಡುಗೆಮನೆಗೆ ಬನ್ನಿ. ನೂರಕ್ಕೆ 4.5ರಷ್ಟು ಕೊಬ್ಬಿನ ಒಂದು ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ಕೈಯಾಡಿಸುತ್ತ ಅರ್ಧಕ್ಕೆ ಇಳಿಸಿ. 100 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಕರಗಿಸಿ. ಆರಿದ ಮೇಲೆ 100 ಗ್ರಾಂ ಪ್ಯಾಕೆಟ್ ಕ್ರೀಂ ಬೆರೆಸಿದರೆ ಕೊಬ್ಬು ನೂರಕ್ಕೆ ಸುಮಾರು 10 ಆಗುತ್ತದೆ. ನಮ್ಮ ಆಹಾರ ಕಾನೂನು ಐಸ್‌ಕ್ರೀಂ ಎಂಬ ಹೆಸರಿಗೆ ಕೇಳುವುದೂ ಇಷ್ಟೇ ಹಾಲುಕೊಬ್ಬನ್ನು. ಎಣ್ಣೆಯಿಂದ ಮಾಡಿದ್ದರೆ ಪ್ಯಾಕೆಟ್ಟಿನ ಮೇಲೆ ಫ್ರೋಜನ್ ಡೆಸರ್ಟ್ ಎಂದೇ ಬರೆಯಬೇಕು. ಈ ಮಿಶ್ರಣವನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಇದನ್ನು ಬಿಡಬೇಡಿ: ತಣ್ಣಗಾದ ಕೊಬ್ಬು ಗಟ್ಟಿಯಾದಾಗಲೇ ಗಾಳಿ ಹಿಡಿದು ನಿಲ್ಲುತ್ತದೆ.

ಗಂಜಿ ಚಮಚಕ್ಕೆ ಸಲೀಸಾಗಿ ಏಳುವಂತಿರಲಿ, ಲೋಳೆಯೂ ಬೇಡ, ಗಟ್ಟಿ ಕಾಯಿಯೂ ಬೇಡ. 150 ಗ್ರಾಂನಲ್ಲಿ ಅರ್ಧವನ್ನು ಇದೇ ಹಾಲಿನೊಂದಿಗೆ ಮಿಕ್ಸಿಯಲ್ಲಿ ತಿರುವಿ, ಉಳಿದದ್ದನ್ನು ಸಣ್ಣಗೆ ಹೆಚ್ಚಿಟ್ಟುಕೊಳ್ಳಿ. ಎಳನೀರನ್ನು ಹಾಕಬೇಡಿ, ಕುಡಿದುಬಿಡಿ. ನೀರು ಹೆಚ್ಚಾದಷ್ಟೂ ಹರಳು ಹೆಚ್ಚು.

ಮಿಶ್ರಣವನ್ನು ತೆಳು ಸ್ಟೀಲ್ ಅಥವಾ ಅಲ್ಯೂಮಿನಿಯಂ ಡಬ್ಬಕ್ಕೆ ಮುಕ್ಕಾಲು ತುಂಬಿ ಮುಚ್ಚಳ ಬಿಗಿಯಿರಿ. ಪ್ಲಾಸ್ಟಿಕ್ ಡಬ್ಬ ಬೇಡ, ಅದು ಶಾಖವನ್ನು ಸುಲಭವಾಗಿ ಬಿಡುವುದಿಲ್ಲ. ಹೊರಗಿನ ಬಕೆಟ್ ಮಾತ್ರ ಪ್ಲಾಸ್ಟಿಕ್ಕಿನದೇ ಇರಲಿ, ಮೇಲೆ ಗೋಣಿಚೀಲ ಸುತ್ತಿ. ಮೂರು ಕಿಲೋ ಐಸನ್ನು ಜಜ್ಜಿ, ಒಂದು ಕಿಲೋ ಕಲ್ಲುಪ್ಪಿನೊಂದಿಗೆ ಪದರ ಪದರವಾಗಿ ಡಬ್ಬದ ಸುತ್ತ ತುಂಬಿ. ಮುಚ್ಚಳದಿಂದ ಎರಡು ಬೆರಳು ಕೆಳಗೇ ನಿಲ್ಲಿಸಿ. ಡಬ್ಬವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರಿ. ಐದು ನಿಮಿಷಕ್ಕೊಮ್ಮೆ ಮುಚ್ಚಳ ಒರೆಸಿ ತೆಗೆದು, ಅಂಚಿಗೆ ಕಟ್ಟಿದ್ದನ್ನು ಮರದ ಸೌಟಿನಿಂದ ಕೆರೆದು ಚೆನ್ನಾಗಿ ಕಡೆಯಿರಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಸೌಟು ಭಾರವಾಗುತ್ತದೆ. ಆಗ ಹೆಚ್ಚಿದ ಗಂಜಿ ಬೆರೆಸಿ ಫ್ರೀಜರಿನಲ್ಲಿ ನಾಲ್ಕು ಗಂಟೆ ಬಿಡಿ. ಆ ಉಪ್ಪುನೀರಿಗೆ ಬರಿಗೈ ಅದ್ದಬೇಡಿ, ಮಕ್ಕಳನ್ನೂ ಬಿಡಬೇಡಿ. ಅಷ್ಟು ಚಳಿ ಚರ್ಮವನ್ನು ಸುಟ್ಟಂತೆಯೇ ಗಾಯ ಮಾಡುತ್ತದೆ.

ಐಸ್ ಸಿಗದಿದ್ದರೆ ಅಗಲ ತಟ್ಟೆಯಲ್ಲಿ ಫ್ರೀಜರಿಗಿಟ್ಟು, ಅರೆಗಟ್ಟಿಯಾದಾಗ ತುಂಡು ಮಾಡಿ ಮಿಕ್ಸಿಯಲ್ಲಿ ಎರಡು ಸುತ್ತು ತಿರುವಿ ಮತ್ತೆ ಇಡುವುದೂ ಆದೀತು. ನುಣುಪು ಸ್ವಲ್ಪ ಕಡಿಮೆ, ಶ್ರಮವೂ ಕಡಿಮೆ. ನನ್ನ ಮತ ಬಕೆಟ್ಟಿಗೇ.

ಹಳ್ಳಿಗಳಲ್ಲಿ ಕರೆಂಟ್ ಹೋಗುವುದುಂಟು. ಕರಗಿ ನೀರಾದ ಐಸ್‌ಕ್ರೀಮನ್ನು ಮತ್ತೆ ಹೆಪ್ಪುಗಟ್ಟಿಸಿ ತಿನ್ನಬೇಡಿ: ಹರಳು ದೊಡ್ಡದಾಗಿ ರುಚಿ ಕೆಡುವುದಷ್ಟೇ ಅಲ್ಲ, ಬೆಚ್ಚಗಾದ ಹಾಲು, ಹಸಿ ಗಂಜಿಯಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಎರಡು ಮೂರು ದಿನದಲ್ಲಿ ಮುಗಿಸುವಷ್ಟೇ ಮಾಡಿ. ಬಕೆಟ್ಟಿನಲ್ಲಿ ಉಳಿದ ಉಪ್ಪುನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ. ಅಗಲ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬಿಸಿಲಿಗಿಟ್ಟರೆ ನೀರು ಆರಿ ಉಪ್ಪು ಉಳಿಯುತ್ತದೆ. ಅಡುಗೆಗೆ ಬಳಸದೆ ಬೇರೆ ಡಬ್ಬದಲ್ಲಿಡಿ, ಮುಂದಿನ ಸಲದ ಐಸ್‌ಕ್ರೀಮಿಗೆ ಅದೇ ಆಗುತ್ತದೆ.