ಕಡತವುಂಟು, ಅಕ್ಷರವಿಲ್ಲ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕೊನೆಗೊಳಿಸಿತು. ಮಹಾನಗರಗಳ ದೊಡ್ಡ ಕಚೇರಿಗಳಿಗೆ ಇದು ಹಳೆಯ ಯಂತ್ರಗಳನ್ನು ಸಾಗಹಾಕಿ ಹೊಸವನ್ನು ಕೊಳ್ಳಲು ಒದಗಿಬಂದ ಒಂದು ನೆಪ. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಂತಹ ಊರುಗಳಲ್ಲಿ ಒಂದು ಗಣಕ, ಒಂದು ಮುದ್ರಕ, ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡು ಅರ್ಜಿ ಬರೆದುಕೊಟ್ಟು ಸಂಸಾರ ಸಾಗಿಸುವವರಿಗೆ ಅದು ಅಷ್ಟು ಹಗುರವಾದ ಸುದ್ದಿಯಲ್ಲ. ವಿಂಡೋಸ್ 11 ಬಯಸುವ ಭದ್ರತಾ ಚಿಪ್ಪು ಅವರ ಯಂತ್ರಗಳಲ್ಲಿ ಇರುವುದಿಲ್ಲ. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳನ್ನು ಅದು ಬಹುಮಟ್ಟಿಗೆ ಒಪ್ಪುವುದೂ ಇಲ್ಲ. ಯಂತ್ರವೇನೋ ಗಟ್ಟಿಯಾಗಿದೆ, ಅದನ್ನು ನಡೆಸುವ ತಂತ್ರಾಂಶಕ್ಕೆ ಮಾತ್ರ ಆಯುಷ್ಯ ಮುಗಿದಿದೆ.

ಸ್ಥಳೀಯ ಚರಿತ್ರೆಯ ಪುಸ್ತಕಗಳು, ಸ್ಮರಣ ಸಂಚಿಕೆಗಳು ಮೊದಲಾದವುಗಳ ಕರಡು ತಿದ್ದುವ ಕೆಲಸಕ್ಕಾಗಿ ನಾನು ಈ ಐದೂ ಊರುಗಳಿಗೆ ಹೋಗಿಬರುತ್ತಿರುತ್ತೇನೆ. ಕಲಬುರಗಿಯಿಂದ ಶಹಾಬಾದ ದಾಟಿದರೆ ವಾಡಿ ಜಂಕ್ಷನ್. ಅಲ್ಲಿಂದ ಸಿಕಂದರಾಬಾದಿನ ಕಡೆಗೆ ಕವಲೊಡೆಯುವ ರೈಲುದಾರಿಯಲ್ಲಿ ಚಿತ್ತಾಪುರ, ಸೇಡಂ. ರೈಲಿನ ಹಂಗಿಲ್ಲದ ಚಿಂಚೋಳಿಗೆ ಬಸ್ಸೇ ಗತಿ. ಸಿಮೆಂಟಿನ ಧೂಳು, ಹಾಸುಗಲ್ಲಿನ ಗಣಿಗಳ ನಡುವಣ ಈ ಊರುಗಳ ಬೆರಳಚ್ಚು ಅಂಗಡಿಗಳಲ್ಲಿ ಕುಳಿತು ನಾನು ಕಂಡುಕೊಂಡ ಸಂಗತಿಯೆಂದರೆ, ಇಲ್ಲಿನ ನಿಜವಾದ ಆತಂಕ ವಿಂಡೋಸಿನದಲ್ಲ, ಅಕ್ಷರದ್ದು.

ಚಿತ್ತಾಪುರ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಸುತ್ತಲ ಹಳ್ಳಿಗಳ ಹೊಲ, ಹಳ್ಳ, ಬಾವಿ, ದಿಣ್ಣೆಗಳ ಹೆಸರುಗಳನ್ನೆಲ್ಲ ಕಲೆಹಾಕಿ, ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿ ಪುಸ್ತಕವಾಗಿಸಿದ್ದರು. ಪ್ರತಿಗಳು ಮುಗಿದು ಎಷ್ಟೋ ಕಾಲವಾಗಿದೆ. ಎರಡನೆಯ ಮುದ್ರಣದ ಮಾತು ಬಂದಾಗ ಅವರು ಜೋಪಾನವಾಗಿ ಇಟ್ಟಿದ್ದ ಸಿ.ಡಿ.ಯನ್ನು ತಂದು ನನ್ನ ಮುಂದಿಟ್ಟರು. ತೆರೆದರೆ ಪುಟದ ತುಂಬ ರೋಮನ್ ಅಕ್ಷರಗಳ ಜಾತ್ರೆ. ‘ಫೈಲ್ ಅದರೀ ಸರ, ಖರೆ. ಒಳಗ ಅಕ್ಷರನ ಇಲ್ಲ ನೋಡ್ರಿ’ ಎಂದರು ಮಾಸ್ತರರು. ಸಮಸ್ಯೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ತಂತ್ರಜ್ಞನೂ ವಿವರಿಸಲಾರ.

ಇದೇಕೆ ಹೀಗಾಗುತ್ತದೆ? 1990ರ ದಶಕದಲ್ಲಿ ಮತ್ತು ಈ ಶತಮಾನದ ಮೊದಲ ವರ್ಷಗಳಲ್ಲಿ ಗಣಕಕ್ಕೆ ಕನ್ನಡ ಗೊತ್ತಿರಲಿಲ್ಲ. ಆದ್ದರಿಂದ ನಮ್ಮವರು ಒಂದು ಜಾಣ ಉಪಾಯ ಹೂಡಿದರು. ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದರು. ತೆರೆಯ ಮೇಲೆ ‘ಕನ್ನಡ’ ಎಂದು ಕಂಡರೂ ಕಡತದ ಒಳಗೆ ಇರುವುದು ಬೇರೆಯೇ. ನುಡಿ ಅಕ್ಷರಶೈಲಿಯಲ್ಲಿ ಈ ಪದವನ್ನು ಬೆರಳಚ್ಚಿಸಿದರೆ ಗಣಕ ಬರೆದಿಟ್ಟುಕೊಳ್ಳುವುದು ರೋಮನ್ನಿನ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನರ ಜೋಡಿ ‘ಎಸ್’, ‘ಕ್ಯೂ’, ಪುನಃ ‘ಎ’. ಅಕ್ಷರಶೈಲಿ ಇರುವವರೆಗೆ ಅದು ಕನ್ನಡದ ವೇಷ. ಇಲ್ಲವಾದೊಡನೆ ವೇಷ ಕಳಚುತ್ತದೆ. ಅದೇ ಅಕ್ಷರಶೈಲಿಯನ್ನು ಮತ್ತೆ ಸ್ಥಾಪಿಸಿದರೆ ಓದಬಹುದಲ್ಲವೇ ಎಂದು ಕೇಳಬಹುದು. ಓದಬಹುದು, ಯಾವುದೆಂದು ನೆನಪಿದ್ದರೆ. ಶ್ರೀಲಿಪಿ, ಆಕೃತಿ, ನುಡಿ ಎಂದು ಹಲವು ತಂತ್ರಾಂಶಗಳಿದ್ದವು, ಎಲ್ಲದರ ಮನೆವಾರ್ತೆ ಒಂದೇ ಆಗಿರಲಿಲ್ಲ.

ಆ ಕಾಲದ ಪ್ರಯತ್ನಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂದಿರದಿದ್ದರೆ, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿರದಿದ್ದರೆ ನಮ್ಮ ತಾಲ್ಲೂಕು ಊರುಗಳಿಗೆ ಗಣಕದಲ್ಲಿ ಕನ್ನಡವೇ ಬರುತ್ತಿರಲಿಲ್ಲ. ಆದರೆ ವಿಶ್ವದ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಮನೆಗಳನ್ನು ಕೊಟ್ಟ ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಕರ್ನಾಟಕ ಸರ್ಕಾರ ಅದನ್ನು ತನ್ನ ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ನಡುವಣ ಆ ಎರಡು ದಶಕಗಳಲ್ಲಿ ಬೆರಳಚ್ಚಾದ ಕನ್ನಡವೆಷ್ಟು! ಪಂಚಾಯಿತಿಯ ಠರಾವುಗಳು, ಸಹಕಾರ ಸಂಘದ ವರದಿಗಳು, ಶಾಲೆಯ ಸ್ಮರಣ ಸಂಚಿಕೆಗಳು, ನಾಟಕಗಳು, ತತ್ವಪದಗಳ ಸಂಗ್ರಹಗಳು. ಇವೆಲ್ಲ ಇಂದು ಸಿ.ಡಿ.ಗಳಲ್ಲಿ, ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ವೇಷ ಕಳಚಿಕೊಂಡು ಬಿದ್ದಿವೆ.

ನಮ್ಮ ಭಾಗದವರಿಗೆ ಈ ಬಗೆಯ ನಷ್ಟ ಹೊಸದಲ್ಲ. 1948ರವರೆಗೆ ಇದು ನಿಜಾಮರ ರಾಜ್ಯ. ಆಡಳಿತದ ಭಾಷೆ ಉರ್ದು. ಸೇಡಂ, ಚಿಂಚೋಳಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಹೊಲದ ಕಾಗದಗಳನ್ನು ಓದಿಸಲು ಉರ್ದು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಅಲ್ಲಿ ಕಾಗದವೂ ಉಂಟು, ಅಕ್ಷರವೂ ಉಂಟು, ಓದುವವರು ಕಡಿಮೆ. ಆದರೂ ಉರ್ದುವನ್ನು ಯಾರಾದರೂ ಕಲಿಯಬಹುದು. ಮುಚ್ಚಿಹೋದ ಕಂಪನಿಯೊಂದರ ಅಕ್ಷರಶೈಲಿಯ ಗುಟ್ಟನ್ನು ಯಾರಲ್ಲಿ ಕಲಿಯುವುದು?

ಮುಕ್ತ ತಂತ್ರಾಂಶದ ಮಹತ್ವ ಇರುವುದು ಇಲ್ಲಿ. ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವಾತಂತ್ರ್ಯಕ್ಕೂ ಒಂದೇ ಪದವಿರುವುದರಿಂದ, 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದ ರಿಚರ್ಡ್ ಸ್ಟಾಲ್ಮನ್ ಜೀವಮಾನವಿಡೀ ಆ ಎರಡರ ಭೇದವನ್ನು ವಿವರಿಸುತ್ತಲೇ ಬಂದಿದ್ದಾರೆ. ಕನ್ನಡಕ್ಕೆ ಆ ತೊಡಕಿಲ್ಲ. ಉಚಿತ ಬೇರೆ, ಮುಕ್ತ ಬೇರೆ. ಉಚಿತವಾಗಿ ಬಂದದ್ದಕ್ಕೆ ನಾಳೆ ಬೆಲೆ ಬೀಳಬಹುದು. ‘ಬರಹ’ವೂ ಬಹುಕಾಲ ಉಚಿತವಾಗಿದ್ದು ಆಮೇಲಿನ ಆವೃತ್ತಿಗಳಲ್ಲಿ ಶುಲ್ಕಕ್ಕೆ ಒಳಪಟ್ಟಿತು, ಅದು ಅದರ ಕರ್ತೃವಿನ ಹಕ್ಕು. ಮುಕ್ತ ತಂತ್ರಾಂಶದ ಮೂಲಸಂಕೇತವಾದರೋ ಎಲ್ಲರ ಕೈಯಲ್ಲಿರುತ್ತದೆ. ಮಾಡಿದವರು ಕೈಬಿಟ್ಟರೂ ಮತ್ತೊಬ್ಬರು ಮುಂದುವರಿಸಬಹುದು. ಓಪನ್ ಆಫೀಸ್ ಒಡೆತನ ಕೈಬದಲಾದಾಗ ಅದರ ಕಾರ್ಯಕರ್ತರು 2010ರಲ್ಲಿ ಹೊರಬಂದು ಅದೇ ಸಂಕೇತದಿಂದ ಲಿಬ್ರೆ ಆಫೀಸ್ ಕಟ್ಟಿದರು. ಬಳಕೆದಾರರ ಒಂದು ಕಡತವೂ ಅನಾಥವಾಗಲಿಲ್ಲ.

ಮಾಸ್ತರರ ಪುಸ್ತಕಕ್ಕೆ ಬರೋಣ. ಅದೃಷ್ಟಕ್ಕೆ ಅದು ನುಡಿಯಲ್ಲಿತ್ತು. ಅರವಿಂದ ವಿ.ಕೆ. ಎಂಬ ತಂತ್ರಜ್ಞರು ನುಡಿ-ಬರಹಗಳ ಹಳೆಯ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕವನ್ನು ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಅಕ್ಷರಶೈಲಿಗಳೂ ಅವರವೇ. ಪಠ್ಯವನ್ನು ಒಂದು ಪೆಟ್ಟಿಗೆಯಲ್ಲಿ ಸುರಿದು ಗುಂಡಿ ಒತ್ತಿದೆವು. ಕನ್ನಡ ಎದ್ದು ಕುಳಿತಿತು. ಅಲ್ಲಿಗೆ ಕೆಲಸ ಮುಗಿಯಲಿಲ್ಲವೆನ್ನಿ. ನಡುನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳ ಮುದ್ದೆ ಮಾಡಿತ್ತು. ಅಲ್ಲಲ್ಲಿ ಅರ್ಕಾವೊತ್ತು ಸ್ಥಾನ ತಪ್ಪಿತ್ತು. ಸಾಲು ಸಾಲಾಗಿ ಓದಿ ತಿದ್ದಲು ನಾಲ್ಕು ದಿನ ಹಿಡಿಯಿತು. ಆದರೆ ತಿದ್ದಿದ ಮೇಲೆ ದೊರೆತದ್ದು ಮೊದಲ ಮುದ್ರಣದಲ್ಲಿ ಇಲ್ಲದೇ ಇದ್ದದ್ದು. ಲಿಬ್ರೆ ಆಫೀಸಿನಲ್ಲಿ ಹೆಸರುಗಳನ್ನು ಆಯ್ದು ಅಕಾರಾದಿಯಾಗಿ ಜೋಡಿಸು ಎಂದರೆ ಕ್ಷಣಮಾತ್ರದಲ್ಲಿ ಪದಸೂಚಿ ಸಿದ್ಧವಾಯಿತು. ಹಳೆಯ ಪದ್ಧತಿಯಲ್ಲಿ ಗಣಕ ಪೌಂಡಿನ ಚಿಹ್ನೆಯನ್ನೂ ಓರೆಗೆರೆಯ ‘ಎ’ಯನ್ನೂ ಲೆಕ್ಕಹಾಕುತ್ತಿತ್ತೇ ಹೊರತು ‘ಕ’ ಆದಮೇಲೆ ‘ಖ’ ಎಂಬುದು ಅದಕ್ಕೆ ತಿಳಿದಿರಲಿಲ್ಲ. ಹುಡುಕಾಟವೂ ಅಷ್ಟೇ. ಸಂಚಯ ತಂಡದ ‘ವಚನ ಸಂಚಯ’ದಲ್ಲಿ 20,000ಕ್ಕೂ ಮಿಕ್ಕ ವಚನಗಳ ನಡುವೆ ಒಂದು ಪದವನ್ನು ಹೆಕ್ಕಿ ತೆಗೆಯಲು ಸಾಧ್ಯವಾಗಿರುವುದು ಅವು ಯುನಿಕೋಡಿನಲ್ಲಿ ಇರುವುದರಿಂದಲೇ.

ಇದೇ ಮಾತು ದೃಷ್ಟಿಹೀನರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು, ಮೈಕಲ್ ಕರನ್ ಮತ್ತು ಜೇಮ್ಸ್ ಟೆ, ಬೆಳೆಸಿದ ‘ಎನ್‌ವಿಡಿಎ’ ಎಂಬ ಮುಕ್ತ ತಂತ್ರಾಂಶ ಗಣಕದ ತೆರೆಯನ್ನು ಗಟ್ಟಿಯಾಗಿ ಓದಿಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ದನಿ ಯಾಂತ್ರಿಕವಾದರೂ ಅರ್ಥಕ್ಕೆ ಕೊರತೆಯಿಲ್ಲ. ಹಳೆಯ ಅಕ್ಷರಶೈಲಿಯ ಸುತ್ತೋಲೆಯನ್ನು ಮಾತ್ರ ಅದರ ಮುಂದಿಟ್ಟರೆ ‘ಪಿ, ಎ, ಪೌಂಡ್’ ಎಂದು ಒದರತೊಡಗುತ್ತದೆ. ಇಂದಿಗೂ ಕೆಲವರು ಆ ಪದ್ಧತಿಯಲ್ಲೇ ಬೆರಳಚ್ಚಿಸುತ್ತಿರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಅಂಗಡಿಯವರನ್ನು ಕೇಳಿದರೆ ಅವರ ಉತ್ತರ ಸಿದ್ಧ: ‘ಕೈ ಕೂತದರೀ, ಈಗ ಬ್ಯಾರೆ ಕಲಿಲಿಕ್ಕೆ ಆಗಲ್ಲ.’ ಈ ಭಯಕ್ಕೆ ಆಧಾರವಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಬಂದ, ನುಡಿಯಲ್ಲಿ ರೂಢಿಯಾದ ಕೀಲಿಮಣೆ ವಿನ್ಯಾಸವೇ ಲಿನಕ್ಸ್‌ನಲ್ಲಿಯೂ ‘ಕಗಪ’ ಎಂಬ ಹೆಸರಿನಲ್ಲಿ ಉಂಟು. ಬೆರಳಿಗೆ ಹೊಸ ಪಾಠ ಬೇಕಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಯುನಿಕೋಡ್ ಆಯ್ಕೆಯುಂಟು, ಆರಿಸಿಕೊಳ್ಳುವವರು ಬೇಕು, ಅಷ್ಟೆ. ಮದುವೆ ಪತ್ರಿಕೆಗೆ ಅಂದದ ಅಕ್ಷರ ಸಿಗುವುದಿಲ್ಲವೆಂಬ ಎರಡನೆಯ ಆಕ್ಷೇಪದಲ್ಲಿ ಒಂದು ಕಾಲಕ್ಕೆ ಹುರುಳಿತ್ತು. ಈಗ ‘ಬಾಲೂ ತಮ್ಮ’, ‘ಅನೇಕ್ ಕನ್ನಡ’, ‘ನೋಟೋ’ ಮೊದಲಾದ ಮುಕ್ತ ಯುನಿಕೋಡ್ ಅಕ್ಷರಶೈಲಿಗಳು ಬಂದಿವೆ. ಆಯ್ಕೆ ಹಳೆಯ ದಿನಗಳಷ್ಟು ವಿಪುಲವಲ್ಲ, ಒಪ್ಪುತ್ತೇನೆ.

ನಿಜವಾದ ತೊಡಕು ಪುಟವಿನ್ಯಾಸದ್ದು. ಈ ಅಂಗಡಿಗಳು ಇಂದಿಗೂ ಪೇಜ್‌ಮೇಕರನ್ನು ಬಿಟ್ಟಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡ ತಿಳಿಯದು, ಆದ್ದರಿಂದಲೇ ಹಳೆಯ ಅಕ್ಷರಶೈಲಿಗಳೂ ಬದುಕಿವೆ. ಮುಕ್ತ ತಂತ್ರಾಂಶವಾದ ‘ಸ್ಕ್ರೈಬಸ್’ನಲ್ಲಿಯೂ ಬಹುಕಾಲ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. 2024ರಲ್ಲಿ ಹೊರಬಂದ ಅದರ 1.6ನೆಯ ಆವೃತ್ತಿಯಲ್ಲಿ ಆ ದೋಷ ನೀಗಿ, ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ಕೂರುತ್ತವೆ. ಪೇಜ್‌ಮೇಕರಿನ ಹಳೆಯ ಕಡತಗಳನ್ನು ಲಿಬ್ರೆ ಆಫೀಸಿನ ಡ್ರಾ ವಿಭಾಗದಲ್ಲಿ ತೆರೆಯಬಹುದೆಂಬುದು ಅನೇಕರಿಗೆ ತಿಳಿದಿಲ್ಲ. 2015ರಿಂದ ಆ ಸೌಲಭ್ಯವಿದೆ. ಪುಟದ ಅಂದ ಕೆಡುತ್ತದೆ, ಆದರೆ ಪಠ್ಯ ಕೈಗೆ ಸಿಗುತ್ತದೆ. ಕಡತವೇ ನಾಶವಾಗಿ ಅಚ್ಚಾದ ಪುಸ್ತಕ ಮಾತ್ರ ಉಳಿದಿದ್ದರೆ, ‘ಟೆಸರಾಕ್ಟ್’ ಎಂಬ ಮುಕ್ತ ತಂತ್ರಾಂಶ ಪುಟದ ಚಿತ್ರವನ್ನು ಓದಿ ಅಕ್ಷರವಾಗಿಸುತ್ತದೆ. ಅಚ್ಚು ನಿಚ್ಚಳವಾಗಿದ್ದರೆ ಕನ್ನಡದಲ್ಲಿಯೂ ಫಲಿತಾಂಶ ತೃಪ್ತಿಕರ. ಮಾಸಿದ ಹಳೆಯ ಪುಸ್ತಕವಾದರೆ ತಿದ್ದುವುದಕ್ಕಿಂತ ಹೊಸದಾಗಿ ಬೆರಳಚ್ಚಿಸುವುದೇ ಮೇಲು.

ಹಾಗಾದರೆ ವಿಂಡೋಸ್ 10ರ ಯಂತ್ರಗಳ ಗತಿ? 4 ಜಿ.ಬಿ. ಮೆಮೊರಿಯುಳ್ಳ ಯಂತ್ರದಲ್ಲಿ ಲಿನಕ್ಸ್ ಮಿಂಟ್ ನಿರಾತಂಕವಾಗಿ ನಡೆಯುತ್ತದೆ. ಪೆನ್ ಡ್ರೈವಿನಿಂದಲೇ ಚಾಲೂ ಮಾಡಿ, ಹಾರ್ಡ್ ಡಿಸ್ಕನ್ನು ಮುಟ್ಟದೆ ಒಂದು ವಾರ ಪರೀಕ್ಷಿಸಿ ನೋಡಬಹುದು. ಫೈರ್‌ಫಾಕ್ಸ್, ವಿಎಲ್‌ಸಿಗಳ ಮಾತು ಬೇಕಿಲ್ಲ, ಅವು ವಿಂಡೋಸಿನಲ್ಲಿಯೇ ಈಗಾಗಲೇ ಎಲ್ಲರ ಬಳಕೆಯಲ್ಲಿವೆ. ಎಚ್ಚರಿಕೆಯ ಮಾತೊಂದಿದೆ. ಕೆಲವು ಮುದ್ರಕಗಳು, ಬೆರಳಗುರುತಿನ ಸಾಧನಗಳು ಲಿನಕ್ಸ್‌ನಲ್ಲಿ ಮೊಂಡು ಹಿಡಿಯುವುದುಂಟು. ಸರ್ಕಾರಿ ಸೇವೆಗಳಿಗೆ ಅಂತಹ ಸಾಧನವನ್ನು ನೆಚ್ಚಿದ ಅಂಗಡಿ ಒಮ್ಮೆಗೇ ಬದಲಾಗುವುದು ವಿವೇಕವಲ್ಲ. ಮೊದಲು ಇರುವ ವಿಂಡೋಸಿನಲ್ಲಿಯೇ ಲಿಬ್ರೆ ಆಫೀಸ್ ಹಾಕಿಕೊಂಡು ಯುನಿಕೋಡಿಗೆ ಹೊರಳಲಿ. ಯಾರದೋ ಕೈಯಿಂದ ಬಂದ ನಕಲಿ ಆಫೀಸಿನ ಪ್ರತಿಗಿಂತ, ಅದರ ಜೊತೆಯಲ್ಲಿ ಬರುವ ವೈರಸ್ಸಿಗಿಂತ ಇದು ಎಷ್ಟೋ ಲೇಸು. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಸುಮಾರು ಎರಡು ದಶಕಗಳಿಂದ ಲಿನಕ್ಸ್‌ನಲ್ಲಿಯೇ ಗಣಕ ಕಲಿಯುತ್ತಿದ್ದಾರೆ. ನಮ್ಮ ಊರುಗಳ ಮಕ್ಕಳಿಗೆ ಅದು ಕಠಿಣವಾದೀತೆಂದು ನಂಬಲು ನನಗೆ ಕಾರಣ ಕಾಣದು.

ಚಿತ್ತಾಪುರದ ಪಕ್ಕದಲ್ಲಿಯೇ ನಾಗಾವಿಯಿದೆ. ಅಲ್ಲಿಯ 1058ರ ಶಾಸನ ಘಟಿಕಾಸ್ಥಾನದ ಶಿಕ್ಷಕರು, ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಹೆಸರಿಸುತ್ತದೆ, ಎಂದರೆ ಗ್ರಂಥಪಾಲಕರು. ಓಲೆಗರಿಗೆ ಹುಳು ಹಿಡಿಯದಂತೆ ನೋಡಿಕೊಳ್ಳಲು ಅಂದು ಆರು ಜನರ ಜೀವನಕ್ಕೆ ವ್ಯವಸ್ಥೆಯಿತ್ತು. ಇಂದು ತಾಲ್ಲೂಕಿಗೊಬ್ಬರಂತೆ ಗ್ರಂಥಾಲಯದವರೋ ಕಾಲೇಜಿನವರೋ ವಾರಕ್ಕೊಂದು ಮಧ್ಯಾಹ್ನ ಮೀಸಲಿಟ್ಟು, ಊರಿನವರು ತಂದ ಹಳೆಯ ಸಿ.ಡಿ.ಗಳನ್ನು ಯುನಿಕೋಡಿಗೆ ಬದಲಿಸಿಕೊಡುವ ಕೆಲಸ ಹಚ್ಚಿಕೊಂಡರೆ ಅದಕ್ಕೆ ಒಂದು ಹಳೆಯ ಗಣಕ ಸಾಕು. ತಂತ್ರಾಂಶಕ್ಕೆ ಬಿಡಿಗಾಸೂ ಬೇಡ. ಸಿ.ಡಿ.ಗಳು ಶಾಶ್ವತವಲ್ಲವಾದ್ದರಿಂದ ಬೇಗ ಆಗಬೇಕು. ಪರಿವರ್ತಿಸಿದ ಮೇಲೂ ಮೂಲ ಕಡತವನ್ನು ಅಳಿಸದಿರುವುದು ಒಳ್ಳೆಯದು. ಯಾವ ಅಕ್ಷರಶೈಲಿಯಲ್ಲಿತ್ತೆಂದು ಅದರ ಹೆಸರಿನಲ್ಲಿಯೇ ಬರೆದಿಡಬೇಕು.

ಮೊನ್ನೆ ಚಿಂಚೋಳಿಯ ಅಂಗಡಿಯೊಂದರಲ್ಲಿ ಗೃಹಪ್ರವೇಶದ ಕರೆಯೋಲೆ ಸಿದ್ಧವಾಗುತ್ತಿತ್ತು. ಬೀಗರು ತೆಲಂಗಾಣದ ತಾಂಡೂರಿನವರು, ಓಣಿಯಲ್ಲಿ ಉರ್ದು ಓದುವವರೂ ಇದ್ದರು. ಹೀಗಾಗಿ ಒಂದೇ ಪುಟದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬೇಕಾಗಿದ್ದವು. ಹಿಂದೆಯಾಗಿದ್ದರೆ ಮೂರು ತಂತ್ರಾಂಶ, ಮೂರು ಮುದ್ರಣ, ಕತ್ತರಿ ಮತ್ತು ಗೋಂದು. ಅಂಗಡಿಯ ತರುಣಿ ಲಿಬ್ರೆ ಆಫೀಸಿನಲ್ಲಿ ಮೂರನ್ನೂ ಒಂದರ ಕೆಳಗೊಂದು ಬೆರಳಚ್ಚಿಸಿ, ಮನೆಯವರ ಮೊಬೈಲಿಗೆ ಅಲ್ಲಿಂದಲೇ ಕಳಿಸಿದಳು. ಅವರು ಓದಿ, ತೆಲುಗಿನಲ್ಲಿ ಒಂದು ಹೆಸರನ್ನು ತಿದ್ದಲು ಹೇಳಿದರು.