ಉಷ್ಣತೆಯ ಹಳೆಯ ಲೆಕ್ಕಗಳನ್ನು ಸರಿಪಡಿಸುವುದೇಕೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ತಾಲ್ಲೂಕುಗಳ ವ್ಯವಸಾಯವು ಹವೆಯನ್ನು ಎಷ್ಟರಮಟ್ಟಿಗೆ ಅವಲಂಬಿಸಿರುವುದೆಂಬುದು ಸರ್ವರಿಗೂ ವಿದಿತವಾದುದೇ ಆಗಿದೆ. ವರ್ಷವೆಲ್ಲಾ ಹರಿಯುವ ನದಿ ಈ ಸೀಮೆಯಲ್ಲಿ ಇಲ್ಲ. ರಾಗಿಗೆ ಕಾಲಕ್ಕೆ ಸರಿಯಾದ ಮಳೆ ಬೇಕು. ಮಾವಿನ ಮರ ಹೂ ಬಿಡುವುದಕ್ಕೆ ರಾತ್ರಿಯ ತಂಪು ಬೇಕು. ರೇಷ್ಮೆಹುಳುವಿಗೆ ಮನೆಯೊಳಗಿನ ಹವೆ 24ರಿಂದ 28 ಡಿಗ್ರಿಗಳೊಳಗೆ ಇದ್ದರೆ ಮೇಲು. ಹೀಗಿರುವಲ್ಲಿ, ಭೂಮಿಯ ಶಾಖವು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂಬ ಮಾತನ್ನು ಈ ಪ್ರಾಂತದ ಭೂಮಾಲೀಕರು ಕೇಳಿ ಸುಮ್ಮನಿರುವಂತಿಲ್ಲ.

ಆದರೆ ಇದರ ಜೊತೆಯಲ್ಲಿಯೇ ಮತ್ತೊಂದು ಮಾತೂ ಕೇಳಿಬರುತ್ತಿದೆ. ವಿಜ್ಞಾನಿಗಳು ಉಷ್ಣಮಾಪಕದಲ್ಲಿ ಕಂಡ ಅಂಕಿಗಳನ್ನು ಇದ್ದಂತೆಯೇ ಪ್ರಕಟಿಸದೆ, ಅವುಗಳನ್ನು ತಿದ್ದಿ ಅನಂತರ ಲೆಕ್ಕ ಹಾಕುತ್ತಾರೆ. ಆದುದರಿಂದ ಆ ಲೆಕ್ಕವನ್ನು ನಂಬುವುದು ಹೇಗೆ ಎಂಬುದೇ ಆ ಮಾತು. ಇದು ನ್ಯಾಯವಾದ ಪ್ರಶ್ನೆಯೇ ಸರಿ. ಖಾತೆ, ಪಹಣಿಗಳಲ್ಲಿ ಒಂದು ಅಂಕಿ ತಿದ್ದಿದ್ದರೂ ಕಾರಣವೇನೆಂದು ಕೇಳುವುದು ಗ್ರಾಮ ಮುಖಂಡರ ಧರ್ಮ. ಉಷ್ಣತೆಯ ಲೆಕ್ಕಕ್ಕೂ ಅದೇ ಧರ್ಮವು ಅನ್ವಯಿಸತಕ್ಕದ್ದು. ಅಂಕಿಗಳನ್ನು ಸರಿಪಡಿಸುವುದು ನಿಜ. ಏತಕ್ಕೆ, ಯಾವ ಕ್ರಮದಿಂದ, ಯಾವ ನಿರ್ಬಂಧಗಳಿಗೆ ಒಳಪಟ್ಟು ಸರಿಪಡಿಸುತ್ತಾರೆ ಎಂಬುದನ್ನು ಮುಂದೆ ವಿವರಿಸಿದೆ.

ಅಳತೆಯ ಉದ್ದೇಶ

ಇಂಡಿಯಾ ದೇಶದ ಹವಾಮಾನ ಇಲಾಖೆಯು 1875ನೇ ಇಸವಿಯಲ್ಲಿ ಸ್ಥಾಪಿತವಾಯಿತು. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ಊರುಗಳಲ್ಲಿ ನಿರೀಕ್ಷಣಾಲಯಗಳು ಏರ್ಪಟ್ಟುವು. ಆಗಿನ ಅಧಿಕಾರಿಗಳು ಬಹು ಶ್ರದ್ಧೆಯಿಂದ ಅಂಕಿಗಳನ್ನು ಬರೆದಿಟ್ಟರು. ಆದರೆ ಅವರ ಉದ್ದೇಶವು ಮುಂಗಾರಿನ ಗತಿ, ಬರಗಾಲದ ಸೂಚನೆ, ದಿನದಿನದ ಹವೆ ಇವುಗಳನ್ನು ತಿಳಿಯುವುದಾಗಿತ್ತು. ನೂರು ವರ್ಷಗಳ ತರುವಾಯ ಒಂದು ಡಿಗ್ರಿಯ ಹತ್ತನೆಯ ಭಾಗದ ವ್ಯತ್ಯಾಸವನ್ನು ಇದೇ ಅಂಕಿಗಳಿಂದ ಅಳೆಯಬೇಕಾದೀತೆಂಬ ಊಹೆ ಆಗ ಯಾರಿಗೂ ಇರಲಿಲ್ಲ.

ಈಗ ಅಳೆಯಬೇಕಾಗಿರುವುದು ಅಷ್ಟು ಸೂಕ್ಷ್ಮವಾದುದು. ಭಾರತ ಸರ್ಕಾರದ ಭೂವಿಜ್ಞಾನ ಮಂತ್ರಾಲಯವು 2020ನೇ ಇಸವಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣತೆಯು ಸುಮಾರು 0.7 ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಿದೆ. ಕೋಲಾರದಲ್ಲಿ ಒಂದೇ ದಿನ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿಗೂ ಮೇಲ್ಪಟ್ಟ ಅಂತರ ಕಾಣುವುದುಂಟು. ಅದರ ಎದುರಿಗೆ 0.7 ಎಂಬುದು ಅಲ್ಪವಾಗಿ ತೋರಬಹುದು. ಆದರೆ ಇದು ಇಡೀ ದೇಶದ, ಎಲ್ಲಾ ಋತುಗಳ ಸರಾಸರಿ. ಸರಾಸರಿಯು ಇಷ್ಟು ಏರಿದರೆ ಅತಿಶಯವಾದ ಬಿಸಿಲಿನ ದಿನಗಳು ಹೆಚ್ಚುತ್ತವೆ, ತಂಪು ರಾತ್ರಿಗಳು ಕಡಮೆಯಾಗುತ್ತವೆ. ಇಂಥ ಸಣ್ಣ ಅಂತರವನ್ನು ಕಂಡುಹಿಡಿಯಬೇಕಾದರೆ ಅಳತೆಯಲ್ಲಿ ಸೇರಿಕೊಂಡಿರುವ ದೋಷಗಳನ್ನು ಮೊದಲು ತೆಗೆಯಬೇಕು.

ದೋಷಗಳು ಸೇರುವ ಬಗೆ

ಮೊದಲನೆಯದು ಸ್ಥಳದ ಬದಲಾವಣೆ. ನೆಲವು ಸಮುದ್ರಮಟ್ಟದಿಂದ ಎತ್ತರವಾದಂತೆಲ್ಲಾ ಹವೆ ತಣ್ಣಗಾಗುತ್ತದೆ. ಸಾಮಾನ್ಯವಾಗಿ 1000 ಮೀಟರಿಗೆ 6.5 ಡಿಗ್ರಿಯಷ್ಟು. ಬಯಲಿನಲ್ಲಿದ್ದ ಉಷ್ಣಮಾಪಕವನ್ನು ಕೋಲಾರದ ಬೆಟ್ಟದ ಮೇಲೆ 100 ಮೀಟರ್ ಎತ್ತರದ ಸ್ಥಳಕ್ಕೆ ಒಯ್ದರೆ, ಹವೆಯಲ್ಲಿ ಯಾವ ಬದಲಾವಣೆಯೂ ಇಲ್ಲದಿದ್ದರೂ ಸುಮಾರು 0.65 ಡಿಗ್ರಿ ಇಳಿದಂತೆ ತೋರುವುದು. ಇದು ದೇಶದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಕಂಡ ಏರಿಕೆಗೆ ಬಹುಮಟ್ಟಿಗೆ ಸಮ. ಬೆಂಗಳೂರಿಗೆ ನಗರದ ನಿರೀಕ್ಷಣಾಲಯ, ಹೆಚ್‌.ಎ.ಎಲ್‌. ವಿಮಾನ ನಿಲ್ದಾಣ, 2008ರಲ್ಲಿ ತೆರೆದ ದೇವನಹಳ್ಳಿಯ ವಿಮಾನ ನಿಲ್ದಾಣ ಎಂದು ಬೇರೆಬೇರೆ ಸ್ಥಳಗಳ ಅಂಕಿಗಳುಂಟು. ಒಂದರ ಹಳೆಯ ಅಂಕಿಗೆ ಇನ್ನೊಂದರ ಹೊಸ ಅಂಕಿಯನ್ನು ಹಾಗೆಯೇ ಪೋಣಿಸಿದರೆ ಅದು ಹವೆಯ ಚರಿತ್ರೆಯಾಗುವುದಿಲ್ಲ, ಸ್ಥಳಾಂತರದ ಚರಿತ್ರೆಯಾಗುತ್ತದೆ.

ಎರಡನೆಯದು ಉಪಕರಣವೂ ಅದರ ನೆರಳೂ. ಉಷ್ಣಮಾಪಕವು ಬಿಸಿಲಿಗೆ ಸಿಕ್ಕಿದರೆ ಅಳೆಯುವುದು ಗಾಜಿನ ಶಾಖವನ್ನೇ ಹೊರತು ಹವೆಯ ಶಾಖವನ್ನಲ್ಲ. ಆದುದರಿಂದ ಹಿಂದೆ ಇಂಡಿಯಾದಲ್ಲಿ ಹುಲ್ಲು ಹೊದಿಸಿದ ಚಪ್ಪರದಡಿಯಲ್ಲಿ ಉಷ್ಣಮಾಪಕಗಳನ್ನು ಇಡುತ್ತಿದ್ದರು. ಅನಂತರ, ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ನನು ರೂಪಿಸಿದ, ಜಾಲಂಧ್ರದ ಪಕ್ಕಗಳುಳ್ಳ ಬಿಳಿಯ ಮರದ ಪೆಟ್ಟಿಗೆಯು ಬಳಕೆಗೆ ಬಂದಿತು. ಈಚೆಗೆ ವಿದ್ಯುತ್ತಿನ ಸ್ವಯಂಚಾಲಿತ ಉಪಕರಣಗಳು ಬಂದಿವೆ. ಚಪ್ಪರದಡಿಯ ಅಂಕಿ, ಪೆಟ್ಟಿಗೆಯೊಳಗಿನ ಅಂಕಿ, ಯಂತ್ರದ ಅಂಕಿ ಇವು ಒಂದೇ ದಿನ ಒಂದೇ ಹೊಲದಲ್ಲಿದ್ದರೂ ಪರಸ್ಪರ ಸ್ವಲ್ಪ ಭೇದಿಸುವುವು.

ಮೂರನೆಯದು ಓದುವ ವೇಳೆ. ದಿನದ ಗರಿಷ್ಠ ಉಷ್ಣತೆಯನ್ನು ತೋರಿಸುವ ಉಷ್ಣಮಾಪಕವು ಜ್ವರದ ಕಡ್ಡಿಯಂತೆ. ಏರಿದ ಪಾದರಸವು ಒದರಿ ಇಳಿಸುವವರೆಗೂ ಇಳಿಯುವುದಿಲ್ಲ. ಮಂಗಳವಾರ ಮಧ್ಯಾಹ್ನ 36 ಡಿಗ್ರಿಯ ಬಿಸಿಲಿತ್ತೆಂದೂ, ಸಂಜೆ 5 ಗಂಟೆಗೆ ಅಂಕಿಯನ್ನು ಬರೆದುಕೊಂಡು ಪಾದರಸವನ್ನು ಇಳಿಸುವಾಗ ಹವೆ ಇನ್ನೂ 35 ಡಿಗ್ರಿಯಲ್ಲಿತ್ತೆಂದೂ ಇಟ್ಟುಕೊಳ್ಳೋಣ. ಬುಧವಾರ ಮೋಡ ಕವಿದು ಹವೆ 30 ಡಿಗ್ರಿಯನ್ನು ಮೀರಲಿಲ್ಲ. ಆದರೂ ಬುಧವಾರ ಸಂಜೆಗೆ ಉಷ್ಣಮಾಪಕದಲ್ಲಿ ಕಾಣುವುದು 35. ಮಂಗಳವಾರದ ಸೆಖೆಯು ಎರಡು ದಿನದ ಲೆಕ್ಕಕ್ಕೆ ಬಿದ್ದಂತಾಯಿತು. ಬೆಳಿಗ್ಗೆ ಓದುವ ಪದ್ಧತಿಯಿದ್ದರೆ ಈ ದೋಷವಿಲ್ಲ. ಆದರೆ ಆಗ ಚಳಿಯ ಬೆಳಗು ಕನಿಷ್ಠ ಉಷ್ಣತೆಯ ಲೆಕ್ಕಕ್ಕೆ ಎರಡು ಸಾರಿ ಬೀಳುವ ಸಂಭವವುಂಟು. ಅಮೆರಿಕಾ ದೇಶದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಅನೇಕ ಕೇಂದ್ರಗಳು ಸಂಜೆಯ ಓದನ್ನು ಬಿಟ್ಟು ಬೆಳಗಿನ ಓದಿಗೆ ಬಂದುವು. ಇದರಿಂದ ದೇಶವು ತಣ್ಣಗಾದಂತೆ ಸುಳ್ಳು ತೋರಿಕೆಯುಂಟಾಯಿತು, ಅದನ್ನು ಸರಿಪಡಿಸಬೇಕಾಯಿತು.

ನಾಲ್ಕನೆಯದು ಸುತ್ತಣ ನೆಲದ ಬದಲಾವಣೆ. ಬಯಲಿನಲ್ಲಿದ್ದ ಕೇಂದ್ರದ ಸುತ್ತ ಮನೆಗಳೂ ರಸ್ತೆಗಳೂ ಎದ್ದರೆ, ಕಲ್ಲು, ಗಾರೆ, ಡಾಮರುಗಳು ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿಯಲ್ಲಿ ಬಿಡುತ್ತವೆ. ಬೆಂಗಳೂರಿನ ನಿರೀಕ್ಷಣಾಲಯದ ಸುತ್ತ ಊರು ಹೇಗೆ ಬೆಳೆಯಿತೆಂಬುದನ್ನು ಹೇಳಬೇಕಾದುದಿಲ್ಲ. ಇದಕ್ಕೆ ಪ್ರತಿಯಾಗಿ, ನೀರು ನಿಂತ ಕೆರೆ, ನೀರಾವರಿಯ ಹೊಲಗಳು ಹಗಲಿನ ಹವೆಯನ್ನು ತಂಪುಮಾಡುತ್ತವೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರಲಾರಂಭಿಸಿತು. ಒಣಗಿದ ಕೆರೆಯಂಗಳದ ಬದಿಯಲ್ಲಿದ್ದ ಉಷ್ಣಮಾಪಕವು ಈಗ ತುಂಬಿದ ಕೆರೆಯ ಬದಿಯಲ್ಲಿ ನಿಂತರೆ ಅದರ ಓದೂ ಬದಲಾಗುವುದು ಸಹಜ. ಆ ಬದಲಾವಣೆ ಆ ಸ್ಥಳಕ್ಕೆ ನಿಜವಾದುದೇ. ಆದರೆ ಅದರಿಂದ ಇಡೀ ಪ್ರಾಂತದ ಹವೆಯನ್ನು ನಿರ್ಣಯಿಸಲಾಗದು.

ಸರಿಪಡಿಸುವ ಕ್ರಮ

ಊರಿಗೊಂದು ಕೊಳಗವಿದ್ದ ಕಾಲದ ಫಸಲಿನ ಲೆಕ್ಕವನ್ನು ಈಗಿನ ಕ್ವಿಂಟಾಲಿನ ಲೆಕ್ಕದೊಡನೆ ಹೋಲಿಸಬೇಕಾದರೆ, ಹಳೆಯ ಕೊಳಗ ಎಷ್ಟು ಸೇರಿನದೆಂದು ತಿಳಿದು ಒಂದೇ ಮಾನಕ್ಕೆ ತಂದುಕೊಳ್ಳಬೇಕು. ಹಾಗೆ ಮಾಡಿದವನು ಅಜ್ಜನ ಕಣಜದಿಂದ ಕಾಳು ಕದ್ದನೆಂದು ಯಾರೂ ಹೇಳುವುದಿಲ್ಲ. ಉಷ್ಣತೆಯ ಅಂಕಿಗಳನ್ನು ಸರಿಪಡಿಸುವುದೂ ಇದೇ ಬಗೆಯ ಕೆಲಸ.

ಇದರ ಮುಖ್ಯ ಉಪಾಯವೆಂದರೆ ನೆರೆಹೊರೆಯ ಕೇಂದ್ರಗಳ ಸಾಕ್ಷ್ಯ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಊರಿನ ಕೇಂದ್ರವು ಸುತ್ತಲಿನ ಐದಾರು ಕೇಂದ್ರಗಳ ಸರಾಸರಿಗಿಂತ ಇಪ್ಪತ್ತು ವರ್ಷಗಳ ಕಾಲ 0.5 ಡಿಗ್ರಿ ಬೆಚ್ಚಗಿತ್ತು. ಒಂದು ವರ್ಷದಿಂದೀಚೆಗೆ ಇದ್ದಕ್ಕಿದ್ದಂತೆ 0.1 ಡಿಗ್ರಿ ತಣ್ಣಗೆ ತೋರಿಸಲಾರಂಭಿಸಿತು. ನೆರೆಯ ಕೇಂದ್ರಗಳು ಎಂದಿನಂತೆಯೇ ಇವೆ. ಬರಗಾಲವಾಗಲಿ ಸೆಖೆಯಾಗಲಿ ಒಂದೇ ಊರಿನ ಎಲ್ಲೆಯಲ್ಲಿ ನಿಲ್ಲುವಂಥದಲ್ಲ. ದಾಖಲೆಯನ್ನು ತೆಗೆದು ನೋಡಿದರೆ, ಅದೇ ವರ್ಷ ಉಪಕರಣವನ್ನು ಕಟ್ಟಡದ ಬಳಿಯಿಂದ ತೋಟದ ಬಯಲಿಗೆ ಸಾಗಿಸಿರುವುದು ತಿಳಿಯುತ್ತದೆ. ಆಗ ಹಿಂದಿನ ವರ್ಷಗಳ ಅಂಕಿಗಳಿಂದ 0.6 ಡಿಗ್ರಿಯನ್ನು ಕಳೆದರೆ ಎರಡು ಕಾಲದ ಅಂಕಿಗಳೂ ಒಂದೇ ಮಾನಕ್ಕೆ ಬರುವುವು. ಈಗಿನ ಉಪಕರಣವು ಕೈಯಲ್ಲಿರುವುದರಿಂದ ಅದನ್ನೇ ಪ್ರಮಾಣವಾಗಿಟ್ಟುಕೊಂಡು ಹಳೆಯ ಅಂಕಿಗಳನ್ನು ಹೊಂದಿಸುವುದು ವಾಡಿಕೆ. ಹಳೆಯ ಕಾಲದ ಅಂಕಿಗಳೇ ಬದಲಾದಂತೆ ಕಂಡು ಜನರಿಗೆ ಸಂಶಯ ಹುಟ್ಟುವುದಕ್ಕೆ ಇದೇ ಕಾರಣ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದುಂಟು. ಪರಿಶೀಲಿಸುವುದು ಒಂದು ಕೇಂದ್ರಕ್ಕೂ ನೆರೆಯವುಗಳಿಗೂ ಇರುವ ಅಂತರವನ್ನು ಮಾತ್ರ. ಇಡೀ ಪ್ರಾಂತವೇ ಬೆಚ್ಚಗಾದರೆ ಎಲ್ಲಾ ಕೇಂದ್ರಗಳೂ ಒಟ್ಟಿಗೆ ಏರುವುದರಿಂದ ಅಂತರವು ಹಾಗೆಯೇ ಉಳಿಯುತ್ತದೆ. ಆದುದರಿಂದ ಈ ಕ್ರಮದಲ್ಲಿ ಪ್ರಾಂತದ ನಿಜವಾದ ಏರಿಕೆಯನ್ನು ಅಳಿಸುವ ಉದ್ದೇಶವೂ ಇಲ್ಲ, ಇಲ್ಲದ ಏರಿಕೆಯನ್ನು ಹುಟ್ಟಿಸುವ ಉದ್ದೇಶವೂ ಇಲ್ಲ.

ಸಂಶಯಕ್ಕೆ ಸಮಾಧಾನ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಂತೆ, ಈ ತಿದ್ದುಪಡಿಗಳನ್ನೂ ಪ್ರಮಾಣಿಸಿ ನೋಡಿದ್ದಾರೆ.

ತಿದ್ದುಪಡಿಗಳೆಲ್ಲವೂ ಏರಿಕೆಯನ್ನೇ ಹೆಚ್ಚಿಸುತ್ತವೆಂಬುದು ತಪ್ಪು ಅಭಿಪ್ರಾಯ. ಊರು ಬೆಳೆದುದರಿಂದಾದ ಶಾಖವನ್ನು ತೆಗೆದಾಗ ಏರಿಕೆಯು ಕಡಮೆಯಾಗುತ್ತದೆ. ಸಮುದ್ರದ ವಿಷಯವು ಇನ್ನೂ ದೊಡ್ಡದು. ಹಿಂದೆ ಹಡಗುಗಳಲ್ಲಿ ಕ್ಯಾನ್ವಾಸಿನ ಬಕೆಟ್ಟಿನಿಂದ ನೀರನ್ನು ಮೇಲೆತ್ತಿ ಉಷ್ಣತೆಯನ್ನು ನೋಡುತ್ತಿದ್ದರು. ಗಾಳಿಗೆ ಆರಿ ಆ ನೀರು ಸ್ವಲ್ಪ ತಣ್ಣಗಾಗುತ್ತಿತ್ತು. ಇದನ್ನು ಸರಿಪಡಿಸಿದಾಗ ಹಳೆಯ ಕಾಲದ ಸಮುದ್ರವು ಬರೆದಿಟ್ಟುದಕ್ಕಿಂತ ಬೆಚ್ಚಗಿತ್ತೆಂದು ತಿಳಿಯಿತು. ಭೂಮಂಡಲದ ಬಹುಭಾಗ ಸಮುದ್ರವೇ ಆಗಿರುವುದರಿಂದ, ಎಲ್ಲಾ ತಿದ್ದುಪಡಿಗಳನ್ನೂ ಕೂಡಿಸಿ ನೋಡಿದರೆ ಇಡೀ ಭೂಮಿಯ ದೀರ್ಘಕಾಲದ ಏರಿಕೆಯು ತಿದ್ದದ ಅಂಕಿಗಳಲ್ಲಿ ಕಾಣುವುದಕ್ಕಿಂತ ಸ್ವಲ್ಪ ಕಡಮೆಯೇ ಆಗುತ್ತದೆ.

ಅಮೆರಿಕಾ ದೇಶದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಎಂಬುವರು ಹಿಂದಿನ ಲೆಕ್ಕಗಳ ವಿಷಯದಲ್ಲಿ ಸಂಶಯವುಳ್ಳವರಾಗಿದ್ದು, ಬರ್ಕ್‌ಲಿಯಲ್ಲಿ ತಮ್ಮದೇ ತಂಡವನ್ನು ಕಟ್ಟಿ, ಬೇರೆ ಕ್ರಮದಿಂದ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿದರು. 2011ರಲ್ಲಿ ಪ್ರಕಟವಾದ ಅವರ ಫಲಿತಾಂಶವು ಹಿಂದಿನವರ ಲೆಕ್ಕದೊಡನೆ ಹೊಂದಿಕೊಂಡಿತು. ಅದೇ ದೇಶದಲ್ಲಿ ಊರುಗಳಿಂದ ದೂರವಾಗಿ, ತಿದ್ದುಪಡಿಯ ಅಗತ್ಯವೇ ಬೀಳದಂತೆ ಹೊಸ ಕೇಂದ್ರಗಳನ್ನು ಸ್ಥಾಪಿಸಿದ್ದಾರೆ. ಹಳೆಯ ಕೇಂದ್ರಗಳ ಸರಿಪಡಿಸಿದ ಅಂಕಿಗಳು, ಸರಿಪಡಿಸದವುಗಳಿಗಿಂತ, ಈ ಉತ್ತಮ ಕೇಂದ್ರಗಳ ಅಂಕಿಗಳಿಗೆ ಹೆಚ್ಚು ಸಮೀಪವಾಗಿರುವುದು 2016ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ಕಂಡುಬಂದಿತು. ಇದಲ್ಲದೆ ದೊಡ್ಡ ಸಂಸ್ಥೆಗಳು ಮೂಲದ ಅಂಕಿಗಳನ್ನು ನಾಶಮಾಡದೆ, ಸರಿಪಡಿಸಿದ ಅಂಕಿಗಳ ಪಕ್ಕದಲ್ಲಿಯೇ ಇಟ್ಟಿರುತ್ತವೆ. ಇಷ್ಟವುಳ್ಳವರು ಎರಡನ್ನೂ ತಾಳೆ ನೋಡಬಹುದು. ಹಳೆಯ ಅಂಕಿ ಕಾಣುವಂತೆ ಗೀಟು ಎಳೆದು, ಕಾರಣ ಬರೆದು, ರುಜು ಹಾಕಿದ ತಿದ್ದುಪಡಿಗೂ, ಹಳೆಯದನ್ನು ಕೆರೆದು ಬರೆದ ತಿದ್ದುಪಡಿಗೂ ಇರುವ ಭೇದವು ಗ್ರಾಮ ಮುಖಂಡರಿಗೆ ತಿಳಿಯದುದಲ್ಲ.

ಹೀಗೆಂದ ಮಾತ್ರಕ್ಕೆ ಈ ಕ್ರಮವು ಸರ್ವಥಾ ನಿರ್ದುಷ್ಟವೆಂದು ತಿಳಿಯಬಾರದು. ನೆರೆಯ ಕೇಂದ್ರಗಳು ವಿರಳವಾಗಿರುವ ಕಡೆ ತಿದ್ದುಪಡಿಯು ಅಷ್ಟು ಖಚಿತವಾಗಿರಲಾರದು. ಯಾವುದೋ ಒಂದು ಕೇಂದ್ರದಲ್ಲಿ ಹೆಚ್ಚು ಕಡಮೆಯಾಗಿರುವುದೂ ಸಾಧ್ಯ. ಅನೇಕ ಕೇಂದ್ರಗಳನ್ನು ಒಟ್ಟುಗೂಡಿಸಿ ನೋಡಿದಾಗ ಇಂಥ ತಪ್ಪುಗಳು ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ. ಆದುದರಿಂದ ದೇಶದ, ಪ್ರಾಂತದ ಲೆಕ್ಕವನ್ನು ನಂಬಬಹುದಾದಷ್ಟು ಒಂದೇ ಊರಿನ ಲೆಕ್ಕವನ್ನು ನಂಬಲಾಗದು.

ಗ್ರಾಮಗಳವರು ಮಾಡಬೇಕಾದುದು

ಹವೆಯ ಅಂಕಿಗಳು ಈಗ ಪಂಡಿತರ ಪುಸ್ತಕಗಳಲ್ಲಿ ಮಾತ್ರ ಉಳಿದಿಲ್ಲ. ಕರ್ನಾಟಕದಲ್ಲಿ 2007ರ ಮುಂಗಾರಿನಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಹವಾಮಾನಾಧಾರಿತ ಬೆಳೆ ವಿಮೆಯು 2016ರಲ್ಲಿ ಹೊಸ ರೂಪದಲ್ಲಿ ಜಾರಿಗೆ ಬಂದಿತು. ಇದರಲ್ಲಿ ಪರಿಹಾರದ ಮೊಬಲಗು ನಿರ್ಧಾರವಾಗುವುದು ತೋಟವನ್ನು ನೋಡಿ ಅಲ್ಲ. ಗೊತ್ತುಮಾಡಿದ ಕೇಂದ್ರದ ಮಳೆ, ಉಷ್ಣತೆ ಮುಂತಾದವುಗಳ ಅಂಕಿಗಳನ್ನು ನೋಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ನೆಟ್ಟಿರುವುದರಿಂದ, ಇವುಗಳ ಯೋಗಕ್ಷೇಮವು ಗ್ರಾಮದವರ ಯೋಗಕ್ಷೇಮಕ್ಕೆ ಸೇರಿದುದಾಗಿದೆ. ಈ ಕೆಳಗಣ ಅಂಶಗಳನ್ನು ಮನಸ್ಸಿನಲ್ಲಿಡತಕ್ಕದ್ದು:

1. ಉಪಕರಣದ ಸಮೀಪದಲ್ಲಿ ಮನೆ, ಗೋಡೆ, ತಗಡಿನ ಚಪ್ಪರಗಳನ್ನು ಕಟ್ಟಬಾರದು; ಮರಗಳನ್ನು ನೆಡಬಾರದು.

2. ಬಣವೆ ಒಟ್ಟುವುದು, ಕಸ ಸುಡುವುದು, ದನ ಕಟ್ಟುವುದು, ಬೇಲಿಗೆ ಬಟ್ಟೆ ಹರವುವುದು ಇವುಗಳಿಗೆ ಅವಕಾಶ ಕೊಡಬಾರದು.

3. ರಸ್ತೆಗೆ ಡಾಮರು ಹಾಕುವುದು, ಹೊಸ ಕಟ್ಟಡ, ಕೆರೆಗೆ ನೀರು ತುಂಬುವುದು ಮುಂತಾದ ಬದಲಾವಣೆಗಳು ಅನಿವಾರ್ಯವಾದರೆ, ಅವುಗಳ ತಾರೀಖನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಟ್ಟು ಸಂಬಂಧಪಟ್ಟ ಇಲಾಖೆಗೆ ತಿಳಿಸಬೇಕು.

4. ಉಪಕರಣವನ್ನು ಸ್ಥಳದಿಂದ ತೆಗೆಯುವ ಪ್ರಸಂಗ ಬಂದರೆ, ಸಾಧ್ಯವಾದಷ್ಟು ಕಾಲ ಹಳೆಯ ಸ್ಥಳದಲ್ಲಿಯೂ ಹೊಸ ಸ್ಥಳದಲ್ಲಿಯೂ ಒಟ್ಟಿಗೆ ಅಳತೆ ನಡೆಸುವಂತೆ ಕೇಳಿಕೊಳ್ಳಬೇಕು.

ಇಂದು ಬರೆದಿಟ್ಟ ಒಂದು ತಾರೀಖು, ಐವತ್ತು ವರ್ಷಗಳ ತರುವಾಯ ಲೆಕ್ಕ ನೋಡುವವನಿಗೆ ಊಹೆಯ ಶ್ರಮವನ್ನು ತಪ್ಪಿಸುವುದು. ಹಳೆಯ ದಾಖಲೆಗಳಲ್ಲಿ ಇಂಥ ಟಿಪ್ಪಣಿಗಳು ವಿರಳವಾಗಿರುವುದರಿಂದಲೇ ಈಗ ಇಷ್ಟೊಂದು ಪರಿಶೀಲನೆ ಬೇಕಾಗಿದೆ. ಮುಂದಿನ ತಲೆಯವರು ಯಾವ ತಳಿಯ ಮಾವನ್ನು ನೆಡಬೇಕು, ಯಾವ ತಿಂಗಳಲ್ಲಿ ಟೊಮೇಟೊ ನಾಟಿ ಮಾಡಬೇಕು ಎಂಬುದನ್ನು ಇದೇ ಅಂಕಿಗಳಿಂದ ನಿರ್ಣಯಿಸಬೇಕಾಗಿರುವುದರಿಂದ, ಅವನ್ನು ಶುದ್ಧವಾಗಿ ಕಾಪಾಡಿಕೊಡುವುದು ಕೆರೆಯ ಏರಿಯನ್ನು ಕಾಪಾಡಿಕೊಡುವಷ್ಟೇ ಅವಶ್ಯಕವಾದ ಕೆಲಸವಾಗಿರುತ್ತದೆ.