ಕಟ್ಟು, ಸಾಗಣೆ, ಹೊಣೆ: ಮಂಡ್ಯ ಸೀಮೆಯ ಸರಕಿನ ದಾರಿಯ ಒಂದು ವಿವೇಚನೆ

ಮಾರುವವನು ಒಂದೂರಿನಲ್ಲಿಯೂ ಕೊಳ್ಳುವವನು ಇನ್ನೊಂದೂರಿನಲ್ಲಿಯೂ ಇರುವಾಗ ಅವರಿಬ್ಬರ ನಡುವೆ ಮೂರನೆಯದಾದ ಒಂದು ವಸ್ತು ಇರಲೇಬೇಕಾಗುತ್ತದೆ. ಅದು ಸರಕಿನ ಕಟ್ಟು. ಗೋಣಿಚೀಲ, ಬಿದಿರ ಬುಟ್ಟಿ, ಮರದ ಪೆಟ್ಟಿಗೆ, ರಟ್ಟಿನ ಪೆಟ್ಟಿಗೆ ಇವೆಲ್ಲವೂ ಅದರ ರೂಪಗಳು. ಇಂದು ಆನ್‌ಲೈನ್ ಆರ್ಡರಿನ ಮೂಲಕ ತರಿಸಿದ ವಸ್ತು ಸರಿಯಾದ ಕಟ್ಟಿಲ್ಲದೆ ಒಡೆದು ಮನೆ ಸೇರುವುದು ಪಟ್ಟಣದಲ್ಲಿಯೂ ಹಳ್ಳಿಯಲ್ಲಿಯೂ ಕೇಳಿಬರುವ ದೂರಾಗಿದೆ. ಇದನ್ನು ಈ ಕಾಲದ ಹೊಸ ಪಿಡುಗೆಂದು ಭಾವಿಸುವವರುಂಟು. ಆದರೆ ಸರಕು ದೂರ ಸಾಗತೊಡಗಿದ ದಿನದಿಂದಲೂ ಎರಡು ಪ್ರಶ್ನೆಗಳು ಅದರ ಬೆನ್ನಿಗಿವೆ: ಅದು ಕೆಡುವುದು ಎಲ್ಲಿ? ಕೆಟ್ಟರೆ ನಷ್ಟವನ್ನು ಹೊರುವವರು ಯಾರು? ಮಂಡ್ಯ, ಮದ್ದೂರು, ಮಳವಳ್ಳಿಗಳ ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಸಂಗ್ರಹವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಳೆಯ ವ್ಯಾಪಾರಕ್ರಮವನ್ನು ನೋಡೋಣ. ಬಳೆಗಾರನು ಮಲಾರವನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗುತ್ತಿದ್ದನು. ಗಾಜಿನ ಬಳೆಗಿಂತ ಬೇಗ ಒಡೆಯುವ ಸರಕು ಹಳ್ಳಿಯ ವ್ಯಾಪಾರದಲ್ಲಿ ಇನ್ನೊಂದಿರಲಾರದು. ಆದರೂ ಅದನ್ನು ಕಟ್ಟಿದವನು, ಹೊತ್ತವನು, ಮಾರಿದವನು, ಕೊಳ್ಳುವವಳ ಕೈಗೆ ತೊಡಿಸಿದವನು ಒಬ್ಬನೇ. ದಾರಿಯಲ್ಲಿ ಒಡೆದರೆ ನಷ್ಟ ಅವನದು. ತೊಡಿಸುವಾಗ ಒಡೆದರೂ ಅದು ಇಬ್ಬರ ಕಣ್ಣೆದುರಿಗೇ ನಡೆದ ಸಂಗತಿ. ಬಂಡಿಯಲ್ಲಿ ಹುಲ್ಲು ಹಾಸಿ, ಮಡಕೆಗೂ ಮಡಕೆಗೂ ನಡುವೆ ಹುಲ್ಲು ತುರುಕಿ ಸಂತೆಗೆ ತರುತ್ತಿದ್ದ ಕುಂಬಾರನ ಸ್ಥಿತಿಯೂ ಇದೇ. ಕೊಳ್ಳುವವರು ಮಡಕೆಯನ್ನು ಬೆರಳಿನಿಂದ ತಟ್ಟಿ, ನಾದವನ್ನು ಕೇಳಿ, ಬಿರುಕಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಡುತ್ತಿದ್ದರು. ಕಟ್ಟುವ ಕೈ ಮತ್ತು ನಷ್ಟ ಹೊರುವ ಕೈ ಒಂದೇ ಆಗಿರುವಲ್ಲಿ ಕಟ್ಟು ತಾನಾಗಿಯೇ ಗಟ್ಟಿಯಾಗಿರುತ್ತದೆ. ಮುಂದಿನ ಚರ್ಚೆಗೆಲ್ಲ ಇದೇ ಆಧಾರಸೂತ್ರ.

ಈ ಸೀಮೆಯಿಂದ ಹೊರಕ್ಕೆ ಹೋಗುವ ಸರಕುಗಳೂ ಕಟ್ಟಿನ ವಿಷಯವಾಗಿ ಪಾಠ ಹೇಳುತ್ತವೆ. ಮದ್ದೂರಿನ ಮಾರುಕಟ್ಟೆಯಿಂದ ಎಳನೀರು ಲಾರಿಗಳಲ್ಲಿ ದೂರದ ನಗರಗಳಿಗೆ ಹೋಗುತ್ತದೆ. ಅದಕ್ಕೆ ಪೆಟ್ಟಿಗೆಯೇ ಬೇಕಿಲ್ಲ. ಹೊರಗೆ ನುಣುಪಾದ ಸಿಪ್ಪೆ, ಒಳಗೆ ದಪ್ಪನಾದ ನಾರಿನ ಪದರ, ಅದರೊಳಗೆ ಕರಟ. ಪೆಟ್ಟನ್ನು ನಾರು ನುಂಗಿಕೊಳ್ಳುವುದರಿಂದ ಒಳಗಿನ ನೀರು ಚೆಲ್ಲುವುದಿಲ್ಲ. ಒಳ್ಳೆಯ ಕಟ್ಟಿನ ಲಕ್ಷಣವನ್ನು ಪ್ರಕೃತಿಯೇ ಇಲ್ಲಿ ಬರೆದಿಟ್ಟಿದೆ. ಬೆಲ್ಲದ ಸ್ವಭಾವ ಬೇರೆ. ಅದು ಪೆಟ್ಟಿಗಿಂತ ತೇವಕ್ಕೆ ಹೆದರುತ್ತದೆ. ಗಾಳಿಯ ತೇವವನ್ನು ಹೀರಿ ಮಳೆಗಾಲದಲ್ಲಿ ಜಿನುಗುತ್ತದೆ. ಗಾಳಿಯಾಡುವ ಗೋಣಿಚೀಲ ಹತ್ತಿರದ ಮಾರುಕಟ್ಟೆಗೆ ಸಾಕಾದರೂ ಬಹುದಿನದ ಪ್ರಯಾಣಕ್ಕೆ ಸಾಲದು. ರೇಷ್ಮೆಗೂಡಿನದು ಮೂರನೆಯ ಬಗೆ. ಮಳವಳ್ಳಿಯ ಕಡೆಯ ಬೆಳೆಗಾರರು ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವಾಗ ಚೀಲವನ್ನು ಬಿಗಿದು ತುಂಬಿದರೆ ಒಳಗಿನ ಜೀವಂತ ಕೋಶ ಜಜ್ಜಿಹೋಗಿ ಗೂಡಿಗೆ ಕಲೆಯಾಗುತ್ತದೆ, ಬೆಲೆ ಇಳಿಯುತ್ತದೆ. ಆದುದರಿಂದ ಇಲ್ಲಿ ಕಟ್ಟು ಸಡಿಲವಾಗಿಯೂ ಗಾಳಿಯಾಡುವಂತೆಯೂ ಇರಬೇಕು. ಹೀಗೆ ಒಂದು ಸರಕಿಗೆ ಮೆತ್ತೆ, ಇನ್ನೊಂದಕ್ಕೆ ತೇವದಿಂದ ರಕ್ಷಣೆ, ಮತ್ತೊಂದಕ್ಕೆ ಉಸಿರಾಟ. ಎಲ್ಲಕ್ಕೂ ಸಲ್ಲುವ ಒಂದೇ ಕಟ್ಟು ಎಂಬುದಿಲ್ಲ.

ಮೇಲ್ಕಂಡ ವ್ಯವಸ್ಥೆಯನ್ನು ಮೂಲತಃ ಬದಲಿಸಿದುದು ರೈಲು. 1876-78ರ ಮಹಾಕ್ಷಾಮದ ಬಳಿಕ, 1881-82ರಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಮೀಟರ್ ಗೇಜ್ ಮಾರ್ಗ ಸಂಚಾರಕ್ಕೆ ತೆರೆಯಿತು. ಮದ್ದೂರು, ಮಂಡ್ಯಗಳು ಅದರ ನಿಲ್ದಾಣಗಳಾದುವು. ಆದರೆ ಮದರಾಸಿನ ಕಡೆಯಿಂದ 1864ರಲ್ಲಿಯೇ ಬೆಂಗಳೂರಿಗೆ ಬಂದಿದ್ದ ಮಾರ್ಗ ಬ್ರಾಡ್ ಗೇಜಿನದು. ಆದುದರಿಂದ ಆ ಕಡೆಯಿಂದ ಮಂಡ್ಯಕ್ಕೆ ಬರುವ ಸರಕನ್ನು ಬೆಂಗಳೂರಿನಲ್ಲಿ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಮೈಸೂರು ಮಾರ್ಗವೂ ಬ್ರಾಡ್ ಗೇಜ್ ಆಗುವವರೆಗೆ ಈ ಇಳಿಸಿ ಏರಿಸುವ ಕೆಲಸ ತಪ್ಪಲಿಲ್ಲ. ಮಳವಳ್ಳಿಗಾದರೋ ರೈಲು ಇಂದಿಗೂ ಬಂದಿಲ್ಲ. ಅಲ್ಲಿಗೆ ರೈಲಿನಲ್ಲಿ ಬಂದ ಸರಕು ಮದ್ದೂರಿನಲ್ಲಿಯೋ ಮಂಡ್ಯದಲ್ಲಿಯೋ ಇಳಿದು ಮತ್ತೊಮ್ಮೆ ಬಂಡಿಯನ್ನೋ ಲಾರಿಯನ್ನೋ ಏರಬೇಕು. ಓಡುವ ಗಾಡಿಯಲ್ಲಿ ಸರಕಿಗೆ ಕುಲುಕಾಟವುಂಟು, ನಿಜ. ಆದರೆ ಅದಕ್ಕೆ ದೊಡ್ಡ ಪೆಟ್ಟು ಬೀಳುವುದು ಇಳಿಸುವಾಗ, ಏರಿಸುವಾಗ, ಎಸೆಯುವಾಗ. ಸರಕು ಕೆಡುವುದು ದಾರಿಯಲ್ಲಿ ಎನ್ನುವುದಕ್ಕಿಂತ ಕೈ ಬದಲಾಗುವಲ್ಲಿ ಎನ್ನುವುದು ಹೆಚ್ಚು ಸರಿಯಾದ ಮಾತು.

ಕೈ ಬದಲಾದಂತೆ ಹೊಣೆಯೂ ಬದಲಾಗುತ್ತದಷ್ಟೆ. ಅದನ್ನು ಗೊತ್ತುಮಾಡಲು ಶಾಸನಗಳು ಬಂದುವು. 1872ರ ಕರಾರು ಅಧಿನಿಯಮವು ಪರರ ವಸ್ತುವನ್ನು ವಶಕ್ಕೆ ಪಡೆದವನು ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವಿನಲ್ಲಿ ತೋರುವಷ್ಟು ಎಚ್ಚರವನ್ನು ತೋರಬೇಕೆಂದಿತು. 1890ರ ರೈಲ್ವೆ ಅಧಿನಿಯಮವು ರೈಲ್ವೆಯ ಹೊಣೆಯನ್ನು ಈ ಅಳತೆಗೇ ಸೇರಿಸಿತು; ಆದರೆ ಲಿಖಿತ ಒಪ್ಪಂದದಿಂದ ಅದನ್ನು ಇನ್ನೂ ತಗ್ಗಿಸಲು ಅವಕಾಶವನ್ನಿತ್ತಿತು. ಇದೇ ವರ್ತಕರ ಬಾಯಲ್ಲಿ ಬಹುಕಾಲ ಉಳಿದ ‘ರಿಸ್ಕ್ ನೋಟ್’. ಮಾಲೀಕನ ಜವಾಬ್ದಾರಿಯ ಮೇಲೆ ಕಳಿಸಿದರೆ ಬಾಡಿಗೆ ಕಡಮೆ, ರೈಲ್ವೆಯ ಜವಾಬ್ದಾರಿಯ ಮೇಲೆ ಕಳಿಸಿದರೆ ಹೆಚ್ಚು. ಬಂಡವಾಳ ಕಡಮೆಯಿರುವ ವರ್ತಕನನ್ನು ಕಡಮೆ ಬಾಡಿಗೆಯೇ ಸೆಳೆಯುವುದು ಸಹಜ. ಹಾಗೆ ಕಳಿಸಿದಾಗ ಬಾಡಿಗೆಯಲ್ಲಿ ಉಳಿಸಿದ ಕಾಸಿಗೆ ಪ್ರತಿಯಾಗಿ ನಷ್ಟದ ಭಯವನ್ನು ಅವನೇ ಹೊತ್ತಂತಾಯಿತು. 1961ರ ತಿದ್ದುಪಡಿಯ ಫಲವಾಗಿ 1962ರ ಜನವರಿ 1ರಿಂದ ರೈಲ್ವೆಯ ಹೊಣೆ ಸಾರ್ವಜನಿಕ ಸಾಗಣೆದಾರನ ಹೊಣೆಯ ಮಟ್ಟಕ್ಕೆ ಏರಿತು.

ಕಟ್ಟಿನ ದೋಷದ ವಿಷಯದಲ್ಲಿ ರೈಲ್ವೆ ಶಾಸನ ಹಿಡಿದ ಕ್ರಮ ಗಮನಾರ್ಹವಾದುದು. ಈಗ ಜಾರಿಯಲ್ಲಿರುವ 1989ರ ಅಧಿನಿಯಮದ 98ನೆಯ ಪ್ರಕರಣದಂತೆ, ಕಟ್ಟು ದೋಷಯುಕ್ತವೆಂದು ಕಳಿಸುವವನೇ ಸಾಗಣೆಯ ಕಾಗದದಲ್ಲಿ ಬರೆದಿದ್ದರೆ, ಅದರಿಂದಾದ ಹಾನಿಗೆ ರೈಲ್ವೆ ಹೊಣೆಯಲ್ಲ. ರೈಲ್ವೆಯ ಅಲಕ್ಷ್ಯ ಅಥವಾ ದುರ್ನಡತೆ ಸಾಬೀತಾದರೆ ಮಾತ್ರ ಹೊಣೆ. 81ನೆಯ ಪ್ರಕರಣದಂತೆ, ಸರಕು ಕೆಟ್ಟ ಸ್ಥಿತಿಯಲ್ಲಿ ಬಂದಿದ್ದರೆ ಅಥವಾ ಯಾರೋ ಕೈಯಾಡಿಸಿದ ಗುರುತಿದ್ದರೆ, ತೆಗೆದುಕೊಳ್ಳುವವನು ‘ಓಪನ್ ಡೆಲಿವರಿ’ಯನ್ನು ಕೇಳಬಹುದು, ಎಂದರೆ, ಮೂಟೆಯನ್ನು ಬಿಚ್ಚಿ ತೋರಿಸಿ ಒಪ್ಪಿಸಬೇಕು. ಏರುವಲ್ಲಿ ಒಂದು ಬರಹ, ಇಳಿಯುವಲ್ಲಿ ಒಂದು ಪರೀಕ್ಷೆ. ವಿವಾದ ಬಂದಾಗ ನ್ಯಾಯಾಧೀಶನ ಮುಂದಿಡಲು ಎರಡು ತುದಿಯಲ್ಲಿಯೂ ಸಾಕ್ಷ್ಯವಿರುವಂತೆ ಮಾಡಿದುದು ಈ ವ್ಯವಸ್ಥೆಯ ಗುಣ.

ಅಂಚೆಯ ಮಾರ್ಗ ಇದಕ್ಕೆ ವಿರುದ್ಧವಾಗಿತ್ತು. ನಮ್ಮ ದೇಶದಲ್ಲಿ 1877ರಲ್ಲಿ ವಿ. ಪಿ. ಪಿ. ಪದ್ಧತಿ ಬಂದಿತು. ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುವ ಈ ಕ್ರಮವೇ ಇಂದಿನ ‘ಕ್ಯಾಶ್ ಆನ್ ಡೆಲಿವರಿ’ಯ ಪೂರ್ವರೂಪ. ಅಂಗಡಿಯನ್ನು ಕಾಣದೆಯೇ ಪುಸ್ತಕ, ಔಷಧ, ಗಡಿಯಾರಗಳನ್ನು ತರಿಸಿಕೊಳ್ಳುವ ಅನುಕೂಲ ಹಳ್ಳಿಗೂ ಒದಗಿತು. ಆದರೆ ಇಲ್ಲಿ ಮೊದಲು ಹಣ, ಬಿಚ್ಚುವುದು ಆಮೇಲೆ. 1898ರ ಅಂಚೆ ಅಧಿನಿಯಮದ 6ನೆಯ ಪ್ರಕರಣವೋ ಪಾರ್ಸೆಲ್ ಕಳೆದರೂ ತಡವಾದರೂ ಹಾನಿಯಾದರೂ, ಸರ್ಕಾರವು ತಾನಾಗಿ ಒಪ್ಪಿಕೊಂಡಷ್ಟನ್ನುಳಿದು ಬೇರೆ ಹೊಣೆಯಿಲ್ಲವೆಂದಿತ್ತು. 2024ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ 2023ರ ಅಂಚೆ ಕಛೇರಿ ಅಧಿನಿಯಮವು ಆ ಹಳೆಯ ಶಾಸನವನ್ನು ತೆಗೆದುಹಾಕಿದರೂ ಈ ವಿನಾಯಿತಿಯ ತಿರುಳನ್ನು ಉಳಿಸಿಕೊಂಡಿದೆ. ಕಾಣದ ಅಂಗಡಿಯಿಂದ ಕೊಳ್ಳುವ ಸೌಕರ್ಯದ ಜೊತೆಯಲ್ಲಿ, ಕಾಣದ ಕಟ್ಟನ್ನು ನಂಬಿ ಹಣ ಕೊಡುವ ರೂಢಿಯೂ ಹೀಗೆ ಬೆಳೆಯಿತು.

ಇನ್ನು ವರ್ತಮಾನಕ್ಕೆ ಬರೋಣ. ಮಳವಳ್ಳಿಯ ಗೃಹಸ್ಥರೊಬ್ಬರು ಉಪ್ಪಿನಕಾಯಿಗೆಂದು ಗಾಜಿನ ಜಾಡಿಗಳನ್ನು ಆನ್‌ಲೈನ್‌ನಲ್ಲಿ ತರಿಸಿದರೆಂದು ಭಾವಿಸೋಣ. ಆ ಪೆಟ್ಟಿಗೆ ಮಾರುವವನ ಉಗ್ರಾಣದಿಂದ ಹೊರಟು, ಪಾರ್ಸೆಲ್ಲುಗಳನ್ನು ಊರುವಾರು ವಿಂಗಡಿಸುವ ಒಂದೆರಡು ಕೇಂದ್ರಗಳನ್ನು ದಾಟಿ, ದೊಡ್ಡ ಲಾರಿಯಿಂದ ಚಿಕ್ಕ ಗಾಡಿಗೂ ಅದರಿಂದ ಕೊನೆಗೆ ಬೈಕಿಗೂ ಏರಬೇಕು. ಅಂದು ಬೆಂಗಳೂರಿನ ಗೇಜ್ ಬದಲಾವಣೆಯಲ್ಲಿ ಆಗುತ್ತಿದ್ದುದು ಇಂದು ಪ್ರತಿಯೊಂದು ಕೇಂದ್ರದಲ್ಲಿಯೂ ಆಗುತ್ತದೆ. ಇದನ್ನು ಸಹಿಸಬಲ್ಲ ಕಟ್ಟು ಯಾವುದೆಂಬುದು ಗುಟ್ಟಿನ ವಿಷಯವಲ್ಲ. ಅಲೆಯಲೆಯಾದ ಕಾಗದಕ್ಕೆ ಅಮೆರಿಕದಲ್ಲಿ 1871ರಲ್ಲಿ ಪೇಟೆಂಟ್ ದೊರೆತುದೇ ಸೀಸೆ ಮೊದಲಾದ ಗಾಜಿನ ಸಾಮಾನುಗಳನ್ನು ಸುತ್ತುವುದಕ್ಕಾಗಿ. ಜಾಡಿಗಳು ಒಂದಕ್ಕೊಂದು ತಾಕಬಾರದು. ಪೆಟ್ಟಿಗೆಯ ಗೋಡೆಗೂ ತಾಕಬಾರದು. ಒಳಗೆ ಅಲುಗಾಡಲು ಜಾಗವಿರಬಾರದು. ರಟ್ಟು ತೇವ ಹೀರಿದರೆ ಮೇಲಿನ ಭಾರವನ್ನು ತಡೆಯಲಾರದಾದುದರಿಂದ ಮಳೆಗಾಲದಲ್ಲಿ ಅದಕ್ಕೊಂದು ಹೊರಹೊದಿಕೆಯಿರಬೇಕು. ಎಳನೀರಿನ ನಾರು ಹೇಳುವ ಪಾಠಕ್ಕಿಂತ ಇದು ಬೇರೆಯಲ್ಲ.

ಹಾಗಾದರೆ ತಿಳಿದ ಕೆಲಸವನ್ನು ಏಕೆ ಮಾಡುವುದಿಲ್ಲ? ಸಾಗಣೆ ಸಂಸ್ಥೆಗಳು ತೂಕವನ್ನಷ್ಟೇ ಅಲ್ಲದೆ ಪೆಟ್ಟಿಗೆಯ ಗಾತ್ರವನ್ನೂ ಲೆಕ್ಕಹಾಕಿ, ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಕೇಳುವುದು ರೂಢಿ. ಮೆತ್ತೆಗೆ ಬೇಕಾದ ಎರಡಂಗುಲ ಜಾಗಕ್ಕೂ ಹಣ ತೆರಬೇಕು. ಕಟ್ಟುವವನಿಗೆ ಸಾಮಗ್ರಿಯೊಂದು ವೆಚ್ಚ, ಸಮಯವೊಂದು ವೆಚ್ಚ, ಗಾತ್ರವೊಂದು ವೆಚ್ಚ. ಒಡೆದ ಜಾಡಿಯನ್ನು ಹಿಂದಿರುಗಿಸುವ ತೊಡಕಿಗೆ ಬೇಸತ್ತು ಎಷ್ಟೋ ಕೊಳ್ಳುವವರು ಸುಮ್ಮನಾಗುವುದೂ ಅವನ ಲೆಕ್ಕದಲ್ಲಿ ಸೇರಿರಬಹುದು. ‘ರಿಸ್ಕ್ ನೋಟ್’ ಕಾಲದ ಕಡಮೆ ಬಾಡಿಗೆಯ ಆಸೆ ಇಲ್ಲಿ ಬೇರೆ ವೇಷದಲ್ಲಿ ಮರಳಿದೆ. ಆದರೆ ಒಂದು ವ್ಯತ್ಯಾಸವುಂಟು. ಅಂದು ಉಳಿತಾಯ ಮಾಡಿದ ವರ್ತಕನೇ ಭಯವನ್ನೂ ಹೊರುತ್ತಿದ್ದನು. ಇಂದು ಉಳಿತಾಯ ಮಾರುವವನದು, ಭಯ ಕೊಳ್ಳುವವನದು.

ಶಾಸನ ಈ ಅಸಮತೆಯನ್ನು ಗುರುತಿಸಿಲ್ಲವೆಂದು ಹೇಳಲಾಗದು. 1930ರ ಸರಕು ಮಾರಾಟ ಅಧಿನಿಯಮದಂತೆ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಕೊಳ್ಳುವವನಿಗೆ ಒಪ್ಪಿಸಿದಂತೆಯೇ ಮೇಲ್ನೋಟಕ್ಕೆ ಎಣಿಸಲಾಗುತ್ತಿತ್ತು. ವರ್ತಕ ವರ್ತಕರ ನಡುವೆ ಹುಟ್ಟಿದ ನ್ಯಾಯವದು. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಕೊಳ್ಳುವವನ ಪಕ್ಷದಿಂದ ಹೊಸ ಬಾಗಿಲನ್ನು ತೆರೆಯಿತು. ಅದರ ಸ್ಥಾನದಲ್ಲಿ ಬಂದ 2019ರ ಅಧಿನಿಯಮವೂ 2020ರ ಇ-ಕಾಮರ್ಸ್ ನಿಯಮಗಳೂ ಇನ್ನೂ ಮುಂದುವರಿದಿವೆ. ಸರಕು ದೋಷಯುಕ್ತವಾಗಿದ್ದರೆ ಮಾರುವವನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ. ಆನ್‌ಲೈನ್ ಸಂಸ್ಥೆಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸೇರಿದುದನ್ನು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಮನೆಗೆ ಒಡೆದು ಬಂದ ಜಾಡಿಯನ್ನು ದೋಷಯುಕ್ತವಲ್ಲವೆಂದು ವಾದಿಸುವುದು ಸುಲಭವಲ್ಲ. ದೂರು ಫಲಿಸದಿದ್ದರೆ, ಮಾರಿದವನು ಯಾವ ಊರಿನವನಾದರೂ, ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಎಂದರೆ ಮಳವಳ್ಳಿಯವರು ಮಂಡ್ಯದಲ್ಲಿಯೇ, ಎರಡು ವರ್ಷಗಳೊಳಗೆ ಮೊಕದ್ದಮೆ ಹೂಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ.

ಆದರೂ ಹಕ್ಕಿದ್ದ ಮಾತ್ರಕ್ಕೆ ಸಾಕ್ಷ್ಯ ಹುಟ್ಟುವುದಿಲ್ಲ. ರೈಲ್ವೆಯ ವ್ಯವಹಾರದಲ್ಲಿದ್ದ ಎರಡು ತುದಿಯ ಬರಹ ಇಲ್ಲಿಲ್ಲ. ಕಟ್ಟಿದುದನ್ನು ಕೊಳ್ಳುವವನು ಕಂಡಿಲ್ಲ. ಬಿಚ್ಚಿದುದನ್ನು ಮಾರಿದವನು ಕಂಡಿಲ್ಲ. ತಂದವನು ಮುಚ್ಚಿದ ಪೆಟ್ಟಿಗೆಯನ್ನು ಕೊಟ್ಟು ಹೊರಟುಹೋಗಿದ್ದಾನೆ. ಆದಕಾರಣ ಪೆಟ್ಟಿಗೆ ಬಿಚ್ಚುವುದನ್ನೆಲ್ಲ ಮೊಬೈಲಿನಲ್ಲಿ ಚಿತ್ರಿಸಿ ಕಳಿಸಿರೆಂದು ಕೆಲವು ಮಾರಾಟಗಾರರು ಕೇಳುವುದುಂಟು. ಹೊಣೆ ಮಾರುವವನಿಗೆ ಸೇರಿದರೂ ಅದನ್ನು ಸಾಧಿಸುವ ಭಾರ ಹೀಗೆ ಕೊಳ್ಳುವವನ ಮೇಲೆ ಉಳಿದಿದೆ. ವಯಸ್ಸಾದವರಿಗೆ, ಇಂಥ ಯಂತ್ರಗಳ ಬಳಕೆ ಅರಿಯದವರಿಗೆ ಇದು ಹಕ್ಕನ್ನೇ ಇಲ್ಲವಾಗಿಸುವ ಷರತ್ತು. ರೈಲ್ವೆ ಶಾಸನ ನಿಲ್ದಾಣದಲ್ಲಿ ಒಪ್ಪಿದ ಪದ್ಧತಿಯನ್ನು, ಎಂದರೆ ತೆಗೆದುಕೊಳ್ಳುವವನು ಕೇಳಿದರೆ ಬಿಚ್ಚಿ ತೋರಿಸಿ ಒಪ್ಪಿಸುವ ಪದ್ಧತಿಯನ್ನು, ಒಡೆಯುವ ವಸ್ತುಗಳ ಮಟ್ಟಿಗಾದರೂ ಮನೆಬಾಗಿಲಿಗೆ ತರುವುದು ಅನುಚಿತವಾಗಲಾರದು. ಕೆಲವು ಬೆಲೆಬಾಳುವ ವಸ್ತುಗಳಿಗೆ ಇಂಥ ಏರ್ಪಾಡು ಈಗಲೂ ಇರುವುದರಿಂದ ಇದು ಅಸಾಧ್ಯವೆನ್ನುವಂತಿಲ್ಲ.

ಇಲ್ಲಿ ಒಂದು ಶಂಕೆ ಉದಯಿಸಬಹುದು: ಇದರಿಂದ ಮಾರುವವನಿಗೆ ಹೊರೆಯಾಗದೆ? ಆಗುತ್ತದೆ; ಆ ಮಾರುವವನು ನಮ್ಮ ಸೀಮೆಯವನೂ ಆಗಿರಬಹುದೆಂಬುದನ್ನು ಮರೆಯಲಾಗದು. 1932ರಲ್ಲಿ ಮುಗಿದ ಕೃಷ್ಣರಾಜಸಾಗರದ ನೀರಿನಿಂದ ಕಬ್ಬು ಹಬ್ಬಿದ ನಾಡಿದು. ಆಲೆಮನೆಯ ಬೆಲ್ಲವನ್ನು ಮಂಡ್ಯದ ಮಾರುಕಟ್ಟೆಗೆ ಹಾಕುವ ಬದಲು ದೂರದ ಗಿರಾಕಿಗೆ ತಾನೇ ನೇರವಾಗಿ ಕಳಿಸಹೊರಟ ರೈತನು ಮೇಲಿನ ನಿಯಮಗಳ ದೃಷ್ಟಿಯಲ್ಲಿ ಮಾರಾಟಗಾರನೇ. ಮಳೆಗಾಲದಲ್ಲಿ ಜಿನುಗಿ ತಲುಪಿದ ಒಂದೊಂದು ಪೊಟ್ಟಣವೂ ಅವನಿಗೆ ಸರಕಿನ ನಷ್ಟ, ಬಾಡಿಗೆಯ ನಷ್ಟ, ಹೆಸರಿನ ನಷ್ಟ. ಆದುದರಿಂದ ತೇವ ಹೊಗದ ಒಳಹೊದಿಕೆ, ಅಚ್ಚು ಅಲುಗದಂಥ ಪೆಟ್ಟಿಗೆ, ಕಟ್ಟಿದ ದಿನದ ಗುರುತು ಇವುಗಳನ್ನು ಕುರಿತ ತಿಳಿವಳಿಕೆ ಅವನಿಗೆ ಬೆಳೆಯ ತಿಳಿವಳಿಕೆಯಷ್ಟೇ ಅವಶ್ಯಕವಾಗಿದೆ.

ಬಳೆಗಾರನ ಕಾಲಕ್ಕೆ ಹಿಂದಿರುಗುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಸರಕು ಅನೇಕ ಕೈಗಳನ್ನು ದಾಟಿಯೇ ಬರಬೇಕು. ಆದರೆ ಕಟ್ಟುವ ಕೈಗೂ ನಷ್ಟ ಹೊರುವ ಕೈಗೂ ಸಂಬಂಧ ಕಡಿದಷ್ಟೂ ಕಟ್ಟು ಸಡಿಲವಾಗುತ್ತದೆ, ಸಂಬಂಧ ಬಿಗಿದಷ್ಟೂ ಕಟ್ಟು ಬಿಗಿಯುತ್ತದೆ ಎಂಬುದನ್ನು ಈ ಮೂರು ಊರುಗಳ ಅನುಭವ ತಿಳಿಸುತ್ತದೆ. ಆ ಸಂಬಂಧವನ್ನು ಒಮ್ಮೆ ರೂಢಿ ಕಾಪಾಡಿತ್ತು, ಮತ್ತೊಮ್ಮೆ ನಿಲ್ದಾಣದ ಕಾಗದ ಕಾಪಾಡಿತು. ಈಗ ಅದನ್ನು ಕಾಪಾಡಬೇಕಾದುದು ಮನೆಬಾಗಿಲಲ್ಲಿ ಒದಗುವ ಸಾಕ್ಷ್ಯ.